ನಗರಸಭೆ ಕೊಟ್ಟ ಹೊಂಗೆ

ಇದನ್ನು ಬರೆಯಬೇಕೆಂದು ಕೂತು ಎಷ್ಟೋ ಸಲ ಎದ್ದಿದ್ದೇನೆ. ಒಮ್ಮೆ ಪೆನ್ನಿನಲ್ಲಿ ಮಸಿ ಇರಲಿಲ್ಲ, ಒಮ್ಮೆ ಕನ್ನಡಕ ಸಿಗಲಿಲ್ಲ, ಇನ್ನೊಮ್ಮೆ ಎರಡೂ ಇದ್ದು ಮನೆಯವಳು ಕಾಫಿಗೆ ಕರೆದಳು. ತಪ್ಪು ಮಾಡುವಾಗ ಇಂಥ ಅಡ್ಡಿ ಒಂದೂ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಶಿಡ್ಲಘಟ್ಟದಲ್ಲಿ ನಗರಸಭೆಯವರು ಪುಕ್ಕಟೆ ಗಿಡ ಹಂಚಿದರು. ಷರತ್ತು ಒಂದೇ. ಕಾಂಪೌಂಡಿನೊಳಗೆ ನೆಡುವಂತಿಲ್ಲ, ರಸ್ತೆ ಬದಿಯ ಸರ್ಕಾರಿ ಜಾಗದಲ್ಲೇ ನೆಟ್ಟು ಸಾಕಬೇಕು. ಪುಕ್ಕಟೆ ಎಂದಮೇಲೆ ನಮ್ಮ ಬೀದಿಯವರೆಲ್ಲ ಸಾಲು ನಿಂತೆವು. ನೆಡುವ ಹೊತ್ತಿಗೆ ಮಾತ್ರ ಎಲ್ಲರಿಗೂ ಒಂದೇ ಆಸೆ: ಮರ ಪಕ್ಕದವರ ಮನೆ ಮುಂದಿರಲಿ, ನೆರಳು ನಮ್ಮ ಜಗಲಿಗೆ ಬರಲಿ. ಚರಿತ್ರೆ ಪಾಠದ ರಾಜರು ದಾರಿಯ ಎರಡೂ ಬದಿಗೆ ಸಾಲುಮರ ನೆಡಿಸಿದರೆಂದು ಬರೆದು ನಾನು ಎಸ್ಸೆಸ್ಸೆಲ್ಸಿಯಲ್ಲಿ ಎರಡು ಅಂಕ ಗಿಟ್ಟಿಸಿದವನು. ಆ ಮರಗಳ ಎಲೆ ಗುಡಿಸಿದವರು ಯಾರೆಂದು ಮೇಷ್ಟರೂ ಕೇಳಲಿಲ್ಲ, ನಾನೂ ಬರೆಯಲಿಲ್ಲ.

ನನ್ನ ಪಾಲಿಗೆ ಬಂದದ್ದು ಮೊಳದುದ್ದದ ಹೊಂಗೆ. ನಮ್ಮ ಮನೆ ಊರಂಚಿನಲ್ಲಿದೆ. ಎದುರಿಗೆ ರಸ್ತೆ, ರಸ್ತೆಯಾಚೆ ಮುನಿಯಮ್ಮನವರ ಹಿಪ್ಪುನೇರಳೆ ತೋಟ, ತೋಟದ ಪಕ್ಕಕ್ಕೇ ಅವರ ಮನೆ, ಹಿಂದೆ ಅವರು ರೇಷ್ಮೆ ಸಾಕುವ ಹುಳುಮನೆ. ಗಿಡವನ್ನು ರಸ್ತೆಯಾಚೆ, ತೋಟದ ಅಂಚಿಗೆ ನೆಟ್ಟೆ. ಎಲೆ ಉದುರಿದರೆ ಅವರಿಗೆ ಗೊಬ್ಬರವಾಗುತ್ತದೆ ಎಂದು ಉಪಕಾರ ಮಾಡಿದವನ ಹಾಗೆ ಹೇಳಿಕೊಂಡು ತಿರುಗಿದೆ.

ನೆಟ್ಟದ್ದು ನಾನು, ನೀರು ಹಾಕಿದ್ದು ಮುನಿಯಮ್ಮನ ಹೊಸ ಸೊಸೆ ಸುಮಿತ್ರ. ಅಂಬಾಜಿದುರ್ಗದ ಕಡೆಯ ಹುಡುಗಿ. ಬೆಳಿಗ್ಗೆ ಸೊಪ್ಪು ಕೊಯ್ಯಲು ಬಂದವಳು ಒಂದು ಕೊಡ ನೀರು ಹುಯ್ದು ಹೋಗುತ್ತಿದ್ದಳು. "ತಾತ, ನಿಮ್ ಗಿಡಕ್ಕೆ ಬಾಯಾರಿತ್ತು, ಕುಡಿಸಿದೀನಿ" ಎಂದು ಕೂಗಿ ಹೇಳುವಳು. ನಾನು ಜಗಲಿಯಿಂದಲೇ ತಲೆ ಆಡಿಸುವೆ. ಗಿಡ ಸಾಕುವುದರಲ್ಲಿ ನನ್ನ ಪಾಲು ಅಷ್ಟೇ.

ಎರಡು ವರ್ಷಕ್ಕೆ ಹೊಂಗೆ ಆಳುದ್ದವಾಯಿತು. ಚೆನ್ನಾಗಿ ಬೆಳೆಸಿದವರಿಗೆ ಶಾಲು ಹೊದಿಸುತ್ತಾರೆ, ಸೋಮವಾರ ನೋಡಲು ಬರುತ್ತಾರೆ ಎಂದು ಸುದ್ದಿ ಬಂತು. ಅದೇ ವಾರ ಯಾವುದೋ ಹುಳು ಹತ್ತಿ ಎಲೆಯೆಲ್ಲ ಜರಡಿ. ನಾನು ಔಷಧಿ ತಂದು ಪಂಪಿಗೆ ತುಂಬಿದೆ.

"ಅಲ್ಲಿ ಹಿಪ್ಪುನೇರಳೆ ಇದೆ ಕಣ್ರೀ" ಎಂದಳು ಮನೆಯವಳು.

"ಗಾಳಿ ಎಲ್ಲಿದೆಯೇ? ಸುಮ್ನಿರು" ಎಂದು ಹೊಡೆದೇಬಿಟ್ಟೆ.

ಹುಳುಮನೆ ಹತ್ತಿರ ಸೊಳ್ಳೆಬತ್ತಿ ಹಚ್ಚಿದರೂ ಜಗಳಕ್ಕೆ ಬರುವ ಊರು ಇದು. ನಾನು ನಲವತ್ತು ವರ್ಷ ಇಲ್ಲಿ ಬಟ್ಟೆ ಹೊಲಿದವನು. ರೇಷ್ಮೆಗೂಡು ಒಳ್ಳೆ ಬೆಲೆಗೆ ಹೋದ ವಾರವೇ ನನ್ನ ಅಂಗಡಿಗೂ ಗಿರಾಕಿ. ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ದಾರಿಯೇ ಇಲ್ಲ. ಶಾಲಿನ ಆಸೆಗೆ ಗಾಳಿ ನಿಂತಂತೆ ಕಂಡಿತು, ಅಷ್ಟೇ.

ಮರುದಿನ ರಸ್ತೆ ಬದಿಯ ಸಾಲಿನ ಸೊಪ್ಪು ರೇಷ್ಮೆಹುಳುಗಳಿಗೆ ಬಿತ್ತು. ನಾಲ್ಕನೇ ಜ್ವರ, ಅಂದರೆ ಕೊನೆಯ ಪೊರೆ, ಕಳೆದು ಗಬಗಬ ತಿನ್ನುವ ಹುಳುಗಳು; ಇನ್ನು ಕೆಲವೇ ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾದವು. ತಲೆ ಎತ್ತಿ ಒದ್ದಾಡಿ, ಹಸಿರು ನೀರು ಕಾರಿ ಸತ್ತವು. ಮೊರಗಟ್ಟಲೆ ತುಂಬಿ ಗುಂಡಿಗೆ ಸುರಿದರು. ಹೊಂಗೆಯ ನಾಲ್ಕು ಹುಳುವನ್ನು ಕೊಲ್ಲಲು ಹೋಗಿ ಊರಿಗೆ ಅನ್ನ ಕೊಡುವ ಹುಳುವನ್ನು ಕೊಂದಿದ್ದೆ.

ಮುನಿಯಮ್ಮನ ದನಿ ನಮ್ಮ ಜಗಲಿಗೂ ಕೇಳಿಸಿತು.

"ರಸ್ತೆ ಸಾಲಲ್ಲಿ ಸೊಪ್ಪು ಕೊಯ್ದೋಳು ಯಾರೇ?"

"ನಾನೇ ಅತ್ತೆ."

"ತಲೆಗೆ ಅದೇನೋ ಘಮ್ಮನ್ನೋದು ಹಾಕ್ಕೊಂಡು ಒಳಗೆ ಬಂದ್ಯಾ?"

"ಇಲ್ಲ ಅತ್ತೆ."

"ಮತ್ತೆ ಸುಮ್‌ಸುಮ್ನೆ ಸಾಯ್ತಾವಾ? ನಿನ್ನ ಕೈಯೇ ಆಗಲ್ಲ ಕಣೇ ಹುಳಕ್ಕೆ. ಇನ್ಮೇಲೆ ಹುಳುಮನೆ ಹೊಸ್ಲು ತುಳೀಬೇಡ."

ಸಂಜೆ ಮುನಿಯಮ್ಮ ನಮ್ಮ ಬಾಗಿಲಿಗೆ ಬಂದು, "ಅಣ್ಣಾ, ನೀವು ಮನೇಲೇ ಇರ್ತೀರಲ್ಲ, ಈ ಕಡೆ ಯಾರಾದ್ರೂ ಔಷಧಿ ಹೊಡೆದಿದ್ದು ನೋಡಿದ್ರಾ?" ಎಂದರು.

"ಯಾರನ್ನೂ ನೋಡಲಿಲ್ಲಮ್ಮ" ಎಂದೆ. ಅದು ಸುಳ್ಳಲ್ಲ. ನಾನೇನು ಕನ್ನಡಿ ಹಿಡಿದುಕೊಂಡು ಔಷಧಿ ಹೊಡೆದಿರಲಿಲ್ಲ.

ಮೇಲೆ ಆ ಹುಡುಗಿಯ ಹೆಸರು ಬರೆದುಬಿಟ್ಟಿದ್ದೇನೆ. ಇನ್ನು ಬರೆಯುವುದಿಲ್ಲ. ಕ್ಷಮೆ ಕೇಳದವನು ಸಲಿಗೆಯಿಂದ ಹೆಸರು ಹಿಡಿಯುವುದು ಸರಿಯಲ್ಲ.

ಶಾಲು ನನಗೇ ಬಂತು. ಗಿಡದ ಮೇಲೆ ಮಕ್ಕಳ ಮೇಲಿನಷ್ಟೇ ಪ್ರೀತಿ ಇಡಬೇಕು ಎಂದು ಮೈಕಿನಲ್ಲಿ ಎರಡು ಮಾತೂ ಆಡಿದೆ. ಆಕೆ ಸ್ವಂತ ಹುಳುಮನೆ ಬಿಟ್ಟು ಪೇಟೆಯ ರೀಲಿಂಗ್ ಘಟಕಕ್ಕೆ ಕೂಲಿಗೆ ಹೋಗತೊಡಗಿದಳು, ಬೇರೆಯವರು ಬೆಳೆದ ಗೂಡು ಬೇಯಿಸಿ ನೂಲು ತೆಗೆಯಲು. ಇವತ್ತಿಗೂ ಹೋಗುತ್ತಾಳೆ.

ಈ ವರ್ಷ ಮತ್ತೆ ಪುಕ್ಕಟೆ ಗಿಡ ಹಂಚಿದರು. ಆಕೆ ಒಂದು ಬೇವಿನ ಸಸಿ ಹಿಡಿದು ನನ್ನ ಜಗಲಿಗೆ ಬಂದಳು.

"ತಾತ, ನೀವೇ ನೆಟ್ಕೊಡಿ. ನಾನು ನೆಟ್ರೆ ಬದುಕಲ್ಲ."

"ಆ ಹೊಂಗೆ ಬದುಕಿದ್ದೇ ನಿನ್ನ ನೀರಿಂದ ಕಣಮ್ಮ."

"ಅದು ನಿಮ್ ಗಿಡ ಅಲ್ವಾ ತಾತ, ಅದಕ್ಕೆ ಬದುಕ್ತು" ಎಂದು ನಕ್ಕಳು.

ಅತ್ತೆ ಆಡಿದ ಮಾತನ್ನು ಆಕೆ ಇಷ್ಟು ವರ್ಷ ನಿಜವೆಂದೇ ನಂಬಿಕೊಂಡು ಬಂದಿದ್ದಾಳೆ. ಹೇಳಬೇಕೆಂದು ಬಾಯಿ ತೆರೆದೆ. ಬಂದದ್ದು, "ಗುದ್ದಲಿ ತಾರಮ್ಮ" ಎಂಬ ಮಾತು. ನೆಟ್ಟುಕೊಟ್ಟೆ. ಆಕೆ ನನಗೆ ಕೈಮುಗಿದು ಹೋದಳು.

ಅದಾದ ಮೇಲೆ ಮನೆಯಲ್ಲಿ ಕೂತು ಇಷ್ಟನ್ನೂ ಬರೆದು ಮನೆಯವಳಿಗೆ ಓದಿ ಹೇಳಿದೆ. ಮನಸ್ಸು ಹಗುರವಾದಂತಿತ್ತು. ಅವಳು ಹುರುಳಿ ಆರಿಸುತ್ತ ಕೊನೆಯವರೆಗೂ ಕೇಳಿ, "ಚೆನ್ನಾಗಿದೆ. ಆದ್ರೆ ಇದನ್ನ ಕೇಳಬೇಕಾಗಿರೋ ಮುನಿಯಮ್ಮನಿಗೆ ಓದಕ್ಕೆ ಬರಲ್ಲ. ಅದು ಗೊತ್ತಿದ್ದೇ ಬರೆದ್ರಾ?" ಎಂದಳು.

ಗೊತ್ತಿದ್ದೇ ಬರೆದೆ ಎಂದು ಕಾಣುತ್ತದೆ. ಅವರ ಬಾಗಿಲಿಗೆ ರಸ್ತೆ ದಾಟಿದರೆ ಆಯಿತು. ದಾರಿಯುದ್ದಕ್ಕೂ ಹೊಂಗೆಯ ಒಳ್ಳೆ ನೆರಳಿದೆ; ಬಿಸಿಲು ಇಳಿಯಲಿ ಆಮೇಲೆ ಹೋಗುತ್ತೇನೆ ಎನ್ನುವಂತೆಯೂ ಇಲ್ಲ.