ಬಲಗಡೆಯ ಮುಂದಿನ ಮನೆ

ಫಾರಂನ ಹದಿನೇಳನೆಯ ಪ್ರಶ್ನೆ ನನಗೆ ಈಗಲೂ ಬಾಯಿಪಾಠ. "ಕಳೆದ ಆರು ತಿಂಗಳಲ್ಲಿ, ಆಸ್ಪತ್ರೆಗೆ ತೋರಿಸಬೇಕು ಅನ್ನಿಸಿಯೂ ತೋರಿಸದೆ ಬಿಟ್ಟ ಕಾಯಿಲೆ ನಿಮಗೇನಾದರೂ ಇತ್ತೇ?" ನಮ್ಮೂರಿನಲ್ಲಿ ಮನೆಮನೆಗೂ ಹೋಗಿ ಈ ಪ್ರಶ್ನೆ ಕೇಳಿದವಳು ನಾನು. ನನ್ನ ಗಂಡನ ಅಣ್ಣನ ಹೆಂಡತಿ, ನಾನು ಅಕ್ಕ ಅಂತ ಕರೆಯುತ್ತಿದ್ದ ನನ್ನ ಓರಗಿತ್ತಿ, ಅದಕ್ಕೆ ಇಲ್ಲ ಅಂದಳು. ಇಲ್ಲ ಅನ್ನುವ ಚೌಕದಲ್ಲಿ ಗುರುತು ಹಾಕಿದವಳೂ ನಾನೇ. ಆವತ್ತಿಗಾಗಲೇ ಅವಳ ಎಡಗಡೆಯ ಎದೆಯಲ್ಲಿ ಗಂಟಿತ್ತು.

ನಮ್ಮೂರು ಮಾದಿಹಳ್ಳಿಯ ಪಕ್ಕ, ಹಳೇಬೀಡಿಗೆ ಹತ್ತಿರ. ನಾನು ಹಲವು ವರ್ಷ ಹಾಲಿನ ಡೈರಿಯಲ್ಲಿ ಲೀಟರು, ಡಿಗ್ರಿ ಬರೆದವಳು. ಅಕ್ಷರ ಚೆನ್ನಾಗಿದೆ, ಊರಿನ ಎಲ್ಲ ಮನೆಯೂ ಗೊತ್ತು ಅಂತ ನನ್ನನ್ನು ಈ ಕೆಲಸಕ್ಕೆ ಕರೆದರು. ಆಸ್ಪತ್ರೆಗೆ ಹೋಗಿಬರುವವರಿಗೆ ದಾರಿಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆ, ಅಲ್ಲಿ ಎಷ್ಟು ಹೊತ್ತು ಕಾಯುತ್ತಾರೆ, ಡಾಕ್ಟರು ಮೈ ಮುಟ್ಟಿ ನೋಡುತ್ತಾರಾ, ಹೇಳಿದ್ದು ಅರ್ಥವಾಗುತ್ತದಾ, ಇದನ್ನೆಲ್ಲ ತಿಳಿದುಕೊಳ್ಳುವ ಸಂಶೋಧನೆ. ಬೇಲೂರಿನಲ್ಲಿ ಎರಡು ದಿನ ಟ್ರೈನಿಂಗ್ ಕೊಟ್ಟರು. ಕಲಿಸಲು ಬಂದಿದ್ದ ಹುಡುಗಿ ನನ್ನ ಮಗಳ ವಯಸ್ಸಿನವಳು, ಆದರೆ ಕೆಲಸದಲ್ಲಿ ಬಿಗಿ. ಪ್ರಶ್ನೆಯನ್ನು ಇದ್ದಹಾಗೇ ಓದಬೇಕು. ಉತ್ತರವನ್ನು ನಾವು ಅವರ ಬಾಯಿಗೆ ಹಾಕಬಾರದು. ಒಮ್ಮೆ ಹೇಳಿದ ಮೇಲೆ ಕೆದಕಿ ಕೇಳಬಾರದು. ನಮ್ಮ ಸ್ವಂತ ಮನೆಯನ್ನು ಸೇರಿಸಬಾರದು. ಪಟ್ಟಿಯಲ್ಲಿರುವ ಮನೆಗೆ ಬೀಗ ಇದ್ದರೆ ಅದರ ಬಲಗಡೆಯ ಮುಂದಿನ ಮನೆಗೆ ಹೋಗಬೇಕು.

"ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಅಡುಗೆ ಬೇರೆ ಮಾಡಿಕೊಂಡ್ರೆ?" ಅಂತ ನಾನು ಕೇಳಿದ್ದೆ.

"ಒಲೆ ಬೇರೆ ಆದ್ರೆ ಮನೆ ಬೇರೆ ಆಂಟಿ," ಅಂದಿದ್ದಳು. ಅದನ್ನೂ ಬರೆದುಕೊಂಡೆ.

ಚೀಲ ನೇತುಹಾಕಿಕೊಂಡು ಊರು ತಿರುಗಿದೆ. ಮೊದಮೊದಲು ಎಲ್ಲರಿಗೂ ತಮಾಷೆ. ಕೊನೆಯ ಪ್ರಶ್ನೆಗೆ ಬಹಳ ತೃಪ್ತಿ, ತೃಪ್ತಿ, ಪರವಾಗಿಲ್ಲ ಅಂತ ಐದು ಚೌಕ ಇದ್ದವು. ಕೆರೆ ಏರಿಯ ಹತ್ತಿರದ ಮನೆಯ ಅಜ್ಜ, "ತೃಪ್ತಿನಾ? ಆಸ್ಪತ್ರೇಲಿ ಊಟ ಯಾರವ್ವ ಹಾಕ್ತಾರೆ," ಅಂದ. ಸೊಂಟ ನೋವಿಗೆ ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬಂದವಳು, ಎಷ್ಟು ಹೊತ್ತು ಕಾದಿರಿ ಅಂದರೆ "ಜಾಸ್ತಿ ಏನಿಲ್ಲ" ಅಂದಳು. ನಮ್ಮ ಕಡೆ ಹಾಗೆಯೇ. ಕಾಗದ ಹಿಡಿದು ಬಂದವರಿಗೆ, ಅದು ರೇಷನ್ ಕಾರ್ಡಿನವರಿರಲಿ, ಜನಗಣತಿಯವರಿರಲಿ, ಮನೆಯ ಸಂಕಟ ಹೇಳುವುದಿಲ್ಲ. ಚೆನ್ನಾಗಿದ್ದೀವಿ ಅಂತ ಹೇಳಿ, ಕಾಫಿ ಕೊಟ್ಟು ಕಳಿಸುತ್ತಾರೆ. ಸಂಕಟ ಹೇಳುವುದು ಬರಿಗೈಯಲ್ಲಿ ಬಂದು ಕೂತವರಿಗೆ. ಹುಟ್ಟಿದಾಗಿನಿಂದ ನಾನೂ ಹೀಗೇ ಬೆಳೆದವಳು. ಆದರೂ ಚೀಲ ಹೆಗಲಿಗೇರಿದ ಮೇಲೆ ಅದು ನನ್ನ ನೆನಪಿಗೆ ಬರಲಿಲ್ಲ.

ಅವರೆಕಾಯಿಯ ಕಾಲ. ನಮ್ಮ ಬೀದಿಯಲ್ಲಿ ಪಟ್ಟಿಯಲ್ಲಿದ್ದದ್ದು ಮೇಷ್ಟ್ರ ಮನೆ. ಅದಕ್ಕೆ ಬೀಗ. ಅದರ ಬಲಕ್ಕೆ ಅಕ್ಕನ ಮನೆ, ಅಕ್ಕನ ಬಲಕ್ಕೆ ನಮ್ಮದು. ಸೂರು ಒಂದೇ, ಮಧ್ಯೆ ಗೋಡೆ. ಮಾವ ತೀರಿಕೊಂಡ ಮೇಲೆ ಒಲೆ ಬೇರೆಯಾಗಿತ್ತು. ಸಾರು ಮಾತ್ರ ಗೋಡೆ ದಾಟಿ ಆಕಡೆ ಈಕಡೆ ಓಡಾಡುತ್ತಲೇ ಇತ್ತು.

ಅಕ್ಕ ಜಗಲಿಯಲ್ಲಿ ಕೂತು ನೆನೆಹಾಕಿದ ಅವರೆಕಾಳನ್ನು ಹಿದುಕುತ್ತಿದ್ದಳು.

"ಬಾ ಮೇಡಮ್ಮೋರೇ. ಚಾಪೆ ಹಾಕ್ಲಾ, ಕುರ್ಚಿ ಹಾಕ್ಲಾ?"

"ಸುಮ್ನಿರಕ್ಕ. ಮೇಷ್ಟ್ರ ಮನೆ ಬೀಗ. ಸರದಿ ನಿಂದು ಬಂತು," ಅಂತ ಕೂತು ಫಾರಂ ತೆಗೆದೆ. "ನಿಮ್ಮ ವಯಸ್ಸು ಎಷ್ಟು?"

"ಯಾವತ್ತಿಂದ ನಾನು ನಿಂಗೆ ನೀವು ಆದೆ ಕಣೇ?"

"ಇದ್ರಲ್ಲಿ ಹಂಗೈತೆ ಅಕ್ಕ. ಇದ್ದಂಗೇ ಓದ್ಬೇಕು."

"ಹಂಗಾದ್ರೆ ನಾನೂ ಹಂಗೇ ಹೇಳ್ತೀನಿ. ಬರ್ಕೊಳಿ."

ನಗುನಗುತ್ತಲೇ ಹದಿನಾರು ಪ್ರಶ್ನೆ ಮುಗಿಯಿತು. ಅವಳು ಬಲಗೈಯೊಂದರಲ್ಲೇ ಕಾಳು ಹಿದುಕುತ್ತಿದ್ದಳು. ಎಡಗೈ ಮಡಿಲಲ್ಲಿ, ಯಾರದೋ ಕೈ ಅನ್ನುವಹಾಗೆ ಬಿದ್ದಿತ್ತು. ಎರಡು ಕೈಯಲ್ಲೂ ಪಟಪಟ ಅಂತ ಕಾಳು ಹಾರಿಸುವವಳು ಅವಳು. ನಾನು ನೋಡಿದೆ. ನೋಡಿದ್ದು ಚೆನ್ನಾಗಿ ನೆನಪಿದೆ. ಹದಿನೇಳನೆಯದನ್ನು ಓದಿದೆ.

ಅಕ್ಕನ ಕೈ ನಿಂತಿತು. "ಇದನ್ನೆಲ್ಲ ಯಾರು ಓದ್ತಾರೆ?" ಅಂದಳು.

"ಬೆಂಗಳೂರಲ್ಲಿ ಓದ್ತಾರೆ. ದೊಡ್ಡ ದೊಡ್ಡ ಓದು ಓದಿರೋರು."

"ಗಂಡಸ್ರೂ ಓದ್ತಾರಾ?"

"ಓದಬಹುದು. ಯಾಕೆ?"

ಬಟ್ಟಲಿನಿಂದ ಒಂದು ಕಾಳು ತೆಗೆದಳು, ಹಿದುಕಿದಳು, ಸಿಪ್ಪೆಯನ್ನು ಪಕ್ಕಕ್ಕಿಟ್ಟಳು. "ಇಲ್ಲ ಅಂತ ಬರಿ," ಅಂದಳು.

ಬರೆದೆ. ಒಮ್ಮೆ ಹೇಳಿದ ಮೇಲೆ ಕೆದಕಬಾರದಲ್ಲ. ಆ ಸಂಜೆಗೆ ಇನ್ನೂ ಎರಡು ಮನೆ ಬಾಕಿ ಇದ್ದವು. ಅಕ್ಕ ಹಿದುಕಿದ ಬೇಳೆಯನ್ನು ಒಂದು ಬಟ್ಟಲು ಕೈಗೆ ಕೊಟ್ಟು, "ಮೇಡಮ್ಮೋರಿಗೆ," ಅಂದಳು. ರಾತ್ರಿ ಅದರದೇ ಸಾರು ಮಾಡಿದೆ.

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಗೋಡೆ ಕ್ಯಾಲೆಂಡರ್ ಇದೆ. ಗ್ಯಾಸ್ ಬಂದದ್ದು, ಹಸು ಈದದ್ದು, ಮಳೆ ಬಂದದ್ದು, ಯಾರ ಮನೆಯಲ್ಲಿ ಏನು ಎಂಬುದನ್ನು ಆ ದಿನದ ಚೌಕದಲ್ಲಿ ಸಣ್ಣಕ್ಷರದಲ್ಲಿ ಬರೆಯುವುದು ನನಗೆ ಡೈರಿಯಿಂದ ಅಂಟಿದ ಚಾಳಿ. ಆವತ್ತಿನ ಚೌಕದಲ್ಲಿ "ಅಕ್ಕನ ಮನೆ ಫಾರಂ ಆಯಿತು, ಹಿದುಕಿದ ಬೇಳೆ" ಅಂತಿದೆ. ಅದಕ್ಕೂ ಹಿಂದೆ, ದೀಪಾವಳಿಯ ನೀರು ತುಂಬುವ ಹಬ್ಬದ ಮಾರನೆಯ ದಿನ, "ಅಕ್ಕನಿಗೆ ನೆಗಡಿ, ಎಣ್ಣೆ ಇಲ್ಲ" ಅಂತಿದೆ. ನಾನು ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ದೀಪಾವಳಿಗೂ ಯುಗಾದಿಗೂ ಅವಳು ನನಗೆ, ನಾನು ಅವಳಿಗೆ ಎಣ್ಣೆ ಹಚ್ಚುತ್ತಿದ್ದೆವು. ಒಲೆ ಬೇರೆಯಾದರೂ ಬಚ್ಚಲು ಒಂದೇ ಉಳಿದಿತ್ತು. ಆ ದೀಪಾವಳಿಯೊಂದು ತಪ್ಪಿತು. ತಪ್ಪಿದ್ದನ್ನು ಬರೆದಿಟ್ಟೆನೇ ಹೊರತು, ಯಾಕೆ ತಪ್ಪಿತು ಅಂತ ಕೇಳಲಿಲ್ಲ.

ಯುಗಾದಿಗೆ ತಪ್ಪಿಸಿಕೊಳ್ಳಲು ನಾನು ಬಿಡಲಿಲ್ಲ. ಬಚ್ಚಲಲ್ಲಿ ಅವಳನ್ನು ಮಣೆಯ ಮೇಲೆ ಕೂರಿಸಿ ಬೆನ್ನಿಗೆ ಹರಳೆಣ್ಣೆ ಹಚ್ಚಿ, "ಎಡಗೈ ಎತ್ತಕ್ಕ," ಅಂದೆ.

"ಎತ್ತಕ್ಕಾಗಲ್ಲ ಕಣೇ."

ಆಮೇಲೆ ಬೆನ್ನ ಹಿಂದಿನಿಂದ ನನ್ನ ಎಣ್ಣೆ ಕೈಯನ್ನು ಹಿಡಿದು, ಮುಂದಕ್ಕೆಳೆದು, ಎದೆಯ ಮೇಲಿಟ್ಟುಕೊಂಡಳು. ನಿಂಬೆಹಣ್ಣಿನಷ್ಟು. ಕಲ್ಲಿನಷ್ಟು ಗಟ್ಟಿ. ನನ್ನ ಕೈ ಅಲ್ಲೇ ಇತ್ತು. ಹಂಡೆಯ ನೀರು ಕುದಿಯುವ ಸದ್ದು ಕೇಳುತ್ತಿತ್ತು.

"ಯಾವಾಗಿಂದ?"

"ದೀಪಾವಳಿಗೆ ಮುಂಚಿಂದ."

"ನಾನು ಬಂದು ಕೇಳಿದ್ನಲ್ಲಕ್ಕ."

"ನೀನೆಲ್ಲಿ ಕೇಳ್ದೆ," ಅಂದಳು. "ಫಾರಂ ಕೇಳ್ತು."

ಬೈದು ಹೇಳಲಿಲ್ಲ. ಇದ್ದದ್ದನ್ನು ಹೇಳಿದಳು. ಮೈಗೆ ಸೀಗೆಪುಡಿ ಹಾಕಿ ತೊಳೆದೆ. ಹಬ್ಬದ ಒಬ್ಬಟ್ಟನ್ನು ಅವಳೇ ಬೇಯಿಸಿದಳು. ಭಾವನಿಗೆ ಊಟ ಬಡಿಸಿದ ಮೇಲೆ ವಿಷಯ ಹೇಳಿದೆ.

ಮೂರನೆಯ ದಿನ ಬೇಲೂರಿನಲ್ಲಿ ತೋರಿಸಿದೆವು. ಅಲ್ಲಿಯ ಡಾಕ್ಟರಮ್ಮ ಕೈಯಿಟ್ಟು ನೋಡಿ, ಕೂತ ಜಾಗದಲ್ಲೇ ಹಾಸನಕ್ಕೆ ಚೀಟಿ ಬರೆದುಕೊಟ್ಟರು. ಹಾಸನದಿಂದ ಬೆಂಗಳೂರಿಗೆ ಬರೆದರು. ಅಕ್ಕನ ಮಗಳನ್ನು ಅರಸೀಕೆರೆಗೆ ಕೊಟ್ಟಿದೆ. ಅವಳ ಮನೆಯಲ್ಲಿ ಉಳಿದು, ಬೆಳಗಿನ ಜಾವದ ರೈಲು ಹತ್ತಿ ಬೆಂಗಳೂರಿಗೆ ಹೋಗಿ ಬರುವುದು ಅಭ್ಯಾಸವಾಯಿತು. ಚೀಟಿ ಮಾಡಿಸುವ ಸಾಲು ಒಂದು ಕಡೆ, ರಕ್ತ ಕೊಡುವುದು ಇನ್ನೊಂದು ಕಟ್ಟಡ, ಫೋಟೋ ತೆಗೆಯುವುದು ನೆಲಮಾಳಿಗೆ. ನಾನು ಅಭ್ಯಾಸಬಲದಿಂದ ಫೈಲಿನ ಹಿಂದುಗಡೆ ಬರೆದುಕೊಳ್ಳುತ್ತಿದ್ದೆ. ಎಂಟು ಹತ್ತಕ್ಕೆ ಸಾಲು. ಹನ್ನೊಂದೂ ಮುಕ್ಕಾಲಿಗೆ ಒಳಗೆ. ಊರಿನಲ್ಲಿ "ಜಾಸ್ತಿ ಏನಿಲ್ಲ" ಅಂದವಳನ್ನು ನಾನು ಗಂಟೆ ಲೆಕ್ಕ ಕೇಳಿದ್ದು ನೆನಪಾಗಿ ನಾಚಿಕೆಯಾಯಿತು. ಕಾಯುವುದು ಗಂಟೆಗೆ ಸಿಗುವುದಿಲ್ಲ. ಬೆಂಚಿನ ಮೇಲೆ ಪಕ್ಕದಲ್ಲಿ ಕೂತವಳ ತಲೆಗೂದಲು ಹೋದ ವಾರ ಇತ್ತು, ಈ ವಾರ ಇಲ್ಲ. ಕಾಯುವುದು ಅಂದರೆ ಅದು.

ಬೆಂಗಳೂರಿಗೆ ಹೋದ ಮೊದಲ ದಿನ ಡಾಕ್ಟರು ಕೇಳಿದರು, "ಎಷ್ಟು ದಿನದಿಂದ ಇದೆಯಮ್ಮ?"

"ಒಂದು ತಿಂಗಳಾಗಿರಬೌದು ಸ್ವಾಮಿ," ಅಂದಳು ಅಕ್ಕ. ಅವರ ಕೈಯಲ್ಲೂ ಕಾಗದವಿತ್ತು.

"ಆರು ತಿಂಗಳು ಡಾಕ್ಟ್ರೇ," ಅಂದೆ ನಾನು.

ಅವರು ಬರೆದದ್ದನ್ನು ಹೊಡೆದು ಹಾಕಿ ಮತ್ತೆ ಬರೆದರು. ಬೈದಿದ್ದರೂ ಚೆನ್ನಾಗಿತ್ತು.

ಸಂಜೆ ರೈಲಿನಲ್ಲಿ ಅಕ್ಕನನ್ನು ನಗಿಸಬೇಕು ಅಂತ, "ಆಸ್ಪತ್ರೆ ಹೆಂಗೈತೆ? ಬಹಳ ತೃಪ್ತಿನಾ, ಪರವಾಗಿಲ್ವಾ?" ಅಂದೆ.

ಅವಳು ಯೋಚನೆ ಮಾಡಿಯೇ ಹೇಳಿದಳು. "ಆ ನರ್ಸಮ್ಮ ಪರದೆ ಎಳೆದು, ನನ್ನ ಸೆರಗು ತಾನೇ ಸರಿ ಮಾಡಿದ್ಲು. ಅದಕ್ಕೊಂದು ಚೌಕ ಐತಾ?"

ಇರಲಿಲ್ಲ.

ಅರಸೀಕೆರೆ ಪಕ್ಕದ ಬೆಟ್ಟದ ಮೇಲಿನ ಮಾಲೇಕಲ್ಲು ತಿಮ್ಮಪ್ಪನಿಗೆ ಅವಳು ಹರಕೆ ಹೊತ್ತಿದ್ದಳು, ಹುಷಾರಾದರೆ ಮೆಟ್ಟಿಲು ಹತ್ತಿ ಬರುತ್ತೇನೆ ಅಂತ. ಆಷಾಢದ ಹೊತ್ತಿಗೆ ಅವಳ ಮುಖ ನೋಡಿ ಮಗಳು, ಹುಷಾರಾಗುವವರೆಗೆ ಕಾಯುವುದು ಬೇಡ ಅಂತ ಆಟೋ ಮಾಡಿಕೊಂಡು ಬೆಟ್ಟದ ಬುಡಕ್ಕೆ ಕರೆದುಕೊಂಡು ಹೋದಳು. ನಾನೂ ಇದ್ದೆ. ಮೊದಲನೆಯ ಮೆಟ್ಟಿಲಿನ ಮೇಲೆ ಅಕ್ಕ ಕೂತಳು. "ಕೆಳಗಿಂದ ಕೈ ಮುಗಿದ್ರೆ ತಗೊಳ್ತಾನಾ?" ಅಂದಳು. ಬಲಗೈ ಎತ್ತಿದಳು. ಎಡಗೈ ಬರಲಿಲ್ಲ. ಬಲಗೈಯನ್ನು ಕೆಳಗಿಳಿಸಿ, ಎಡಗೈ ಇದ್ದ ಮಡಿಲಿನ ಹತ್ತಿರವೇ ತಂದು ಜೋಡಿಸಿದಳು.

ಗೌರಿಹಬ್ಬ ಕಳೆದು ವಾರಕ್ಕೆ ಅಕ್ಕ ತೀರಿಕೊಂಡಳು. ಕ್ಯಾಲೆಂಡರಿನ ಆ ಚೌಕದಲ್ಲಿ "ಎರಡೂ ಮನೆಯ ಹಸು ನಾನೇ ಕರೆದೆ" ಅಂತ ಮಾತ್ರ ಇದೆ. ಅದಕ್ಕಿಂತ ಹೆಚ್ಚು ಬರೆಯಲು ಆಗಲಿಲ್ಲ.

ಮತ್ತೆ ಅವರೆಕಾಯಿ ಬಂದಾಗ ಬೇಲೂರಿನಿಂದ ಫೋನು ಬಂತು. ಸಂಶೋಧನೆಯ ಎರಡನೆಯ ಸುತ್ತು, ಅವೇ ಮನೆಗಳಿಗೆ ಹೋಗಿ ಅವೇ ಪ್ರಶ್ನೆ ಕೇಳಬೇಕು. ಬೇಡ ಅನ್ನಬೇಕು ಅಂದುಕೊಂಡೆ. ಆಮೇಲೆ ಹುಡುಗಿಯನ್ನು ಒಂದು ಮಾತು ಕೇಳಿದೆ.

"ಹೋದ ಸಲದ್ದರಲ್ಲಿ ಒಂದು ಉತ್ತರ ತಪ್ಪಿದೆಯಮ್ಮ. ನಮ್ಮಕ್ಕಂದು. ಹದಿನೇಳನೇದು. ಅದನ್ನ ತಿದ್ದಬೌದಾ?"

"ಅವರು ಹೇಳಿದ್ದು ಅದೇ ತಾನೇ ಆಂಟಿ?"

"ಹೇಳಿದ್ದು ಅದೇ. ಇದ್ದದ್ದು ಅದಲ್ಲ."

ಹುಡುಗಿ ಮೆಲ್ಲಗೆ, "ತಿದ್ದಕ್ಕೆ ಬರಲ್ಲ ಆಂಟಿ. ಆದ್ರೆ ಈ ಸಲ ಕೊನೇಲಿ ಷರಾ ಅಂತ ಜಾಗ ಇದೆ. ಅಲ್ಲಿ ಬರೀರಿ," ಅಂದಳು.

ಭಾವ ಈಗ ಅರಸೀಕೆರೆಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅಕ್ಕನ ಮನೆಯ ಬಾಗಿಲಿಗೆ ಬೀಗ ಇತ್ತು. ಹಾಕಿದವಳು ನಾನೇ, ಬೀಗದಕೈ ನನ್ನ ಸೆರಗಿನ ತುದಿಯಲ್ಲೇ ಇತ್ತು. ಆದರೂ ಪದ್ಧತಿಯಂತೆ ಹೋಗಿ ನಿಂತು, ಬೀಗವನ್ನು ಮುಟ್ಟಿ ನೋಡಿದೆ. ಬಲಗಡೆಯ ಮುಂದಿನ ಮನೆ ನಮ್ಮದು. ಸ್ವಂತ ಮನೆಯನ್ನು ಸೇರಿಸುವ ಹಾಗಿಲ್ಲ. ನಮ್ಮ ಜಗಲಿಯನ್ನು ದಾಟಿ ಅದರಾಚೆಯ ಮನೆಗೆ ಹೋದೆ.

ಆ ಮನೆಯ ಹೆಂಗಸು ರಾಗಿ ಕೇರುತ್ತಿದ್ದಳು. ನನ್ನ ಚೀಲ ನೋಡಿ, ಸೆರಗು ಸರಿಮಾಡಿಕೊಂಡು, "ಬಾ ಅಕ್ಕ, ಎಲ್ಲ ಚೆನ್ನಾಗಿದ್ದೀವಿ," ಅಂದಳು, ನಾನು ಏನೂ ಕೇಳುವ ಮೊದಲೇ.

ಚೀಲವನ್ನು ಹೊರಗೆ ಗೂಟಕ್ಕೆ ನೇತುಹಾಕಿದೆ. ಫಾರಂ ಅದರೊಳಗೇ ಇತ್ತು. ಬರಿಗೈಯಲ್ಲಿ ಅವಳ ಪಕ್ಕ ಕೂತು, ಇನ್ನೊಂದು ಮೊರ ಎಳೆದುಕೊಂಡೆ. ರಾಗಿ, ಮಳೆ, ಹಸುವಿನ ಮಾತು ಆಯಿತು. ಅವಳು ಕಾಫಿ ತಂದುಕೊಟ್ಟಳು. ಕುಡಿದೆ.

"ಮೈಯಲ್ಲಿ ಹೆಂಗಿದ್ದೀಯೇ?" ಅಂದೆ.

ಅವಳು ಮೊರದಲ್ಲಿ ಕೈಯಾಡಿಸಿದಳು. ಒಂದು ಕಲ್ಲು ಆರಿಸಿ ಬಿಸಾಡಿದಳು. ಇನ್ನೊಂದು ಆರಿಸಿದಳು. ಆ ಒಂದು ಮನೆಗೆ ಎಷ್ಟು ಹೊತ್ತಾದರೂ ಆಗಲಿ ಅಂತ, ನಾನು ಕಾಯುತ್ತಾ ಕೂತೆ.