ಶರಣಮ್ಮಕ್ಕನ ಚೀಲದಲ್ಲಿ ಹಿಡಿಸದ ಲ್ಯಾಪ್‌ಟಾಪ್

ಶರಣಮ್ಮಕ್ಕ ಆರು ವರ್ಷ ಹೆಗಲಿಗೆ ಹಾಕಿಕೊಂಡು ತಿರುಗಿದ ಆ ಭಾರದ ಲ್ಯಾಪ್‌ಟಾಪನ್ನು ಆರಿಸಿದವನು ನಾನು. ತಿಳಿಯದೆ ಆರಿಸಿದೆ — ಅಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ಆರಿಸಿದ್ದು ತಪ್ಪೆಂದು ನಾಲ್ಕನೆಯ ದಿನವೇ ನನಗೆ ತಿಳಿಯಿತು. ಅಂಗಡಿಯವನು ಬದಲಾಯಿಸಿಕೊಡಲು ಇನ್ನೂ ಮೂರು ದಿನವಿತ್ತು. ಬದಲಾಯಿಸಲೇ ಎಂದು ಶರಣಮ್ಮಕ್ಕನೇ ಫೋನ್ ಮಾಡಿ ಕೇಳಿದರು. ಬೇಡ ಎಂದೆ. ಗೊತ್ತಿದ್ದೂ ಬೇಡ ಎಂದೆ.

ಈಗ ಹೇಳಲು ಕಾರಣವಿದೆ. ಹೈದರಾಬಾದಿನ ನಮ್ಮ ಕನ್ನಡ ಕೂಟದ ವಾರ್ಷಿಕ ಸಂಚಿಕೆಗೆ ನನ್ನಿಂದ ಒಂದು ಲೇಖನ ಕೇಳಿದ್ದಾರೆ — ಕಡಿಮೆ ಬೆಲೆಯ, ದಿನಾ ಹೊತ್ತು ತಿರುಗಬಹುದಾದ ಲ್ಯಾಪ್‌ಟಾಪ್ ಆರಿಸುವುದು ಹೇಗೆ ಎಂದು. ನಮ್ಮ ಕೂಟದಲ್ಲಿ ಈ ವಿಷಯಕ್ಕೆ ನಾನೇ ಪಂಡಿತ. ಯಾರ ಮನೆಯಲ್ಲಿ ಲ್ಯಾಪ್‌ಟಾಪ್ ಕೊಳ್ಳಬೇಕಾದರೂ ‘ಮಂಜು ಸರ್‌ನ ಕೇಳಿ’ ಎನ್ನುತ್ತಾರೆ. ನಾಲ್ಕು ಸಲ ಬರೆಯಲು ಕೂತೆ, ನಾಲ್ಕು ಸಲವೂ ಮೊದಲ ಪ್ಯಾರಾದಲ್ಲೇ ಶರಣಮ್ಮಕ್ಕನ ಎಡ ಹೆಗಲು ಕಣ್ಣ ಮುಂದೆ ಬಂದು ನಿಂತಿತು. ಹಾಗಾಗಿ ಲೇಖನ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಜಾತಕ. ನಾನು ತುಮಕೂರಿನವನು. ಹೈಟೆಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಅದೇನೂ ಸುಳ್ಳಲ್ಲ — ಆದರೆ ನಾನು ಕೂರುವುದು ಟ್ರಾನ್ಸ್‌ಪೋರ್ಟ್ ಡೆಸ್ಕಿನಲ್ಲಿ. ಯಾವ ಕ್ಯಾಬ್ ಎಷ್ಟು ಹೊತ್ತಿಗೆ ಯಾರ ಮನೆಗೆ ಹೋಗಬೇಕು, ಯಾವ ಡ್ರೈವರ್ ಬಂದಿಲ್ಲ — ಇದು ನನ್ನ ಸಾಫ್ಟ್‌ವೇರು! ಕೂಟದಲ್ಲಿ ಮೊದಲ ದಿನ ಯಾರೋ ‘ಇಂಜಿನಿಯರಾ ಸರ್?’ ಎಂದರು. ನಾನು ನಕ್ಕೆ. ಆ ನಗುವನ್ನು ಅವರು ಹೌದು ಎಂದುಕೊಂಡರು, ನಾನೂ ಸುಮ್ಮನಾದೆ. ಕೆಲಸದಲ್ಲಿ ನಾಚಿಕೆಪಡುವಂಥದ್ದು ಏನೂ ಇರಲಿಲ್ಲ. ನಾಚಿಕೆ ಇದ್ದದ್ದು ನನ್ನ ಜಂಬದಲ್ಲಿ.

ಶರಣಮ್ಮಕ್ಕ ಶಹಾಪುರದ ಕಡೆಯವರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಕಟ್ಟಡದ ಕೆಲಸಕ್ಕೆಂದು ಈ ಊರಿಗೆ ಬಂದು, ಬಹಳ ವರ್ಷ ಇಟ್ಟಿಗೆ, ಕಲ್ಲುಪುಡಿ ಹೊತ್ತವರು. ಹತ್ತನೆಯ ತರಗತಿ ಓದಿದ್ದರು. ಜೊತೆಗೆ ಕೆಲಸ ಮಾಡುವ ಹೆಂಗಸರ ಅರ್ಜಿಗಳನ್ನು ತುಂಬಿಕೊಡುತ್ತ ತುಂಬಿಕೊಡುತ್ತ ಅದನ್ನೇ ಕಸುಬು ಮಾಡಿಕೊಂಡರು. ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಒಂದು ಜೆರಾಕ್ಸ್ ಅಂಗಡಿಯ ಕಟ್ಟೆ ಅವರ ಜಾಗ. ರಾಯಚೂರು, ಯಾದಗಿರಿ ಕಡೆಯಿಂದ ಕೂಲಿಗೆ ಬಂದವರು ರೈಲಿಳಿದು ನೇರ ಆ ಕಟ್ಟೆಗೆ ಬರುತ್ತಾರೆ. ಭಾನುವಾರ ಶರಣಮ್ಮಕ್ಕನೇ ಕಟ್ಟಡಗಳ ಹತ್ತಿರ ಹೋಗುತ್ತಾರೆ. ಎಲ್ಲ ಅರ್ಜಿಯೂ ಆನ್‌ಲೈನ್ ಆದಾಗ ಪೆನ್ನು ಹಿಡಿದು ಕೂತು ಪ್ರಯೋಜನವಿಲ್ಲ ಎಂದು ಅವರಿಗೆ ಅರ್ಥವಾಯಿತು. ಕೂಟದ ಸಭೆಯಲ್ಲಿ ನನ್ನ ಹತ್ತಿರ ಬಂದು, ಒಂದು ಲ್ಯಾಪ್‌ಟಾಪ್ ಆರಿಸಿಕೊಡು ಎಂದರು.

ಅಬಿಡ್ಸ್‌ನಲ್ಲಿ, ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಸರಿಮಾಡಿ ಮಾರುವ ಒಂದು ಮಹಡಿ ಅಂಗಡಿಗೆ ಹೋದೆವು. ಅಲ್ಲಿಯವನು ನನಗೆ ಕುರ್ಚಿ ಹಾಕಿದ, ಅವರಿಗೆ ಹಾಕಲಿಲ್ಲ. ಅವರು ಅದನ್ನು ಗಮನಿಸಿದಂತೆಯೂ ಕಾಣಲಿಲ್ಲ, ತಮಗೆ ಬೇಕಾದದ್ದನ್ನು ನನಗೆ ಹೇಳಿದರು.

“ತಮ್ಮಾ, ಒತ್ತಿದ ಕೂಡ್ಲೆ ಹತ್ತಬೇಕು. ಕರೆಂಟ್ ಇರಲಾರದ ಕಡಿ ಒಪ್ಪತ್ತರ ನಡೀಬೇಕು. ಬಿಸಿಲಾಗ ಅಕ್ಷರ ಕಾಣಬೇಕು. ಮತ್ತ ನನ್ನ ಚೀಲದಾಗ ಕುಂದರಬೇಕು. ಇಷ್ಟ ನೋಡು.”

ಆಮೇಲೆ ನಾನು ಬೇಕಾದಷ್ಟು ಜನ ಇಂಜಿನಿಯರುಗಳು ಲ್ಯಾಪ್‌ಟಾಪ್ ಆರಿಸುವುದನ್ನು ನೋಡಿದ್ದೇನೆ. ತನಗೆ ಏನು ಬೇಕು ಎಂದು ಇಷ್ಟು ಸ್ಪಷ್ಟವಾಗಿ ಹೇಳಿದವರು ಒಬ್ಬರೂ ಇಲ್ಲ.

ಅಂಗಡಿಯವನು ಒಂದು ಸಣ್ಣ, ಕಪ್ಪು ಬಣ್ಣದ, ತೆಳ್ಳಗಿನ ಲ್ಯಾಪ್‌ಟಾಪ್ ತೆಗೆದಿಟ್ಟ. ಅಕ್ಕ ತಮ್ಮ ಬಟ್ಟೆ ಚೀಲವನ್ನು ಎಂದಿನಂತೆ ತುಂಬಿಕೊಂಡೇ ಬಂದಿದ್ದರು — ರೊಟ್ಟಿಯ ಡಬ್ಬಿ, ನೀರಿನ ಬಾಟಲಿ, ಎರಡು ಫೈಲು, ಹೆಬ್ಬೆಟ್ಟು ಒತ್ತಿಸುವ ಇಂಕಿನ ಪ್ಯಾಡು. ಆ ಲ್ಯಾಪ್‌ಟಾಪನ್ನು ಫೈಲುಗಳ ನಡುವೆ ಇಳಿಸಿದರು. ಚೀಲವನ್ನು ಎಡ ಹೆಗಲಿಗೆ ಹಾಕಿಕೊಂಡು ಬಾಗಿಲವರೆಗೆ ನಡೆದರು. ಅಂಗಡಿಯ ಒಬ್ಬ ಹುಡುಗಿಯನ್ನು ಜೊತೆಗೆ ಕರೆದುಕೊಂಡು ಮೆಟ್ಟಿಲಿಳಿದು ರಸ್ತೆಗೂ ಹೋದರು, ಬಿಸಿಲಿನಲ್ಲಿ ತೆರೆದು ನೋಡಿದರು, ಮತ್ತೆ ಮೆಟ್ಟಿಲು ಹತ್ತಿ ಬಂದರು. ಅಷ್ಟರಲ್ಲಿ ಅಂಗಡಿಯಲ್ಲಿದ್ದವರೆಲ್ಲ ನಗುತ್ತಿದ್ದರು. ನಾನೂ ನಕ್ಕೆ — ನಾನು ಅಕ್ಕನ ಕಡೆಯವನಲ್ಲ, ಅಂಗಡಿಯವರ ಕಡೆಯವನು ಎಂದು ತೋರಿಸಿಕೊಳ್ಳಲು ನಕ್ಕೆ.

ಅಕ್ಕನಿಗೆ ಅದು ಹಿಡಿಸಿತ್ತು. ಮುಖದಲ್ಲೇ ಕಾಣುತ್ತಿತ್ತು. ಆಗ ಅಂಗಡಿಯವನು ನನ್ನ ಕಡೆ ತಿರುಗಿ, ಸಾಫ್ಟ್‌ವೇರಿನವರು ನೀವೇ ಇದ್ದೀರಲ್ಲ ಸಾರ್, ಈ ಪ್ರೊಸೆಸರ್ ಇವರಿಗೆ ಸಾಕೇ, ನೀವೇ ಹೇಳಿಬಿಡಿ ಎಂದ. ನನಗೆ ಪ್ರೊಸೆಸರಿನ ತಲೆಬುಡ ಗೊತ್ತಿರಲಿಲ್ಲ. ಸಾಕು ಎಂದರೆ ಯಾಕೆ ಎನ್ನುತ್ತಾನೆ ಎಂಬ ಹೆದರಿಕೆ. ಪಕ್ಕದಲ್ಲಿ ಒಂದು ದೊಡ್ಡ ಲ್ಯಾಪ್‌ಟಾಪ್ ಇತ್ತು, ಕಟ್ಟಡದ ನಕ್ಷೆ ಬರೆಯುವವರು ಬಳಸಿದ್ದಂತೆ. ಬೆಲೆಯಲ್ಲಿ ಅಂಥ ಅಂತರವಿರಲಿಲ್ಲ. ದೊಡ್ಡದು ಎಂದರೆ ಒಳ್ಳೆಯದೇ ಇರಬೇಕು — ಇದು ನನ್ನ ಆವತ್ತಿನ ಜ್ಞಾನ.

“ಅಕ್ಕ, ಅದು ಮಕ್ಕಳ ಆಟದ ಸಾಮಾನು,” ಎಂದೆ. “ಕೆಲಸಕ್ಕೆ ಅಂದ್ರೆ ಇದು.”

ಅವರು ತಮ್ಮ ಚೀಲ ನೋಡಿದರು. ದೊಡ್ಡದು ಅದರಲ್ಲಿ ಹಿಡಿಸುವುದಿಲ್ಲ ಎಂದು ಕಣ್ಣಳತೆಗೇ ಗೊತ್ತಾಗುತ್ತಿತ್ತು. ಆಮೇಲೆ ನನ್ನ ಮುಖ ನೋಡಿದರು.

“ನೀ ತಿಳದಾವ ಅದೀಯಪ್ಪ. ನೀ ಹೇಳಿದ್ದ ಆಗಲಿ.”

ಇಲ್ಲಿಯವರೆಗಿನದು ದಡ್ಡತನ, ಬಡಾಯಿ. ಮುಂದಿನದಕ್ಕೆ ಏನು ಹೆಸರು ಕೊಡಲಿ — ಗೊತ್ತಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಕಂಪನಿಯ ಇಂಜಿನಿಯರೊಬ್ಬಳು, ಮಂಗಳೂರಿನ ಹುಡುಗಿ, ಕ್ಯಾಬ್ ತಡವಾಯಿತೆಂದು ದೂರು ಹೇಳಲು ಬಂದಿದ್ದಳು. ಮಾತಿಗೆ ಮಾತು ಬಂದು, ಅರ್ಜಿ ತುಂಬುವ ಕೆಲಸಕ್ಕೆ ಎಂಥ ಲ್ಯಾಪ್‌ಟಾಪ್ ಬೇಕು ಎಂದು ಕೇಳಿದೆ. ಎರಡನ್ನೂ ವಿವರಿಸಿದೆ. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ. ಆ ಸಣ್ಣದು ಅದಕ್ಕೆ ಹೇಳಿ ಮಾಡಿಸಿದ್ದು, ದೊಡ್ಡದು ಬ್ಯಾಟರಿ ತಿನ್ನುತ್ತದೆ, ಹೊತ್ತವರ ಸೊಂಟ ಮುರಿಯುತ್ತದೆ, ಯಾವ ಪುಣ್ಯಾತ್ಮ ಅದನ್ನು ಕೊಡಿಸಿದ್ದು ಎಂದು ಕೇಳಿದಳು. ಯಾರೋ ಒಬ್ಬ ಎಂದೆ.

ಮಧ್ಯಾಹ್ನವೇ ಅಕ್ಕನ ಫೋನ್ ಬಂತು. “ತಮ್ಮಾ, ಇದು ಭಾಳ ವಜ್ಜಿ ಆಕ್ಕೈತಿ. ಎರಡ್ ತಾಸಿನಾಗ ಚಾರ್ಜೂ ಮುಗಿಯಾಕತ್ತೈತಿ. ಬದ್ಲಿ ಮಾಡಿ ಆ ಸಣ್ಣದು ತರ್ಲೇನು?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಒಂದೇ ಅಕ್ಷರ. ಆದರೆ ಹೂಂ ಎಂದರೆ ಮೊದಲು ಹೇಳಿದ್ದು ತಪ್ಪೆಂದು ಒಪ್ಪಬೇಕು, ತಪ್ಪೆಂದರೆ ತಿಳಿದವನು ಅಲ್ಲವೆಂದು ಒಪ್ಪಬೇಕು, ಹಾಗೆ ಒಂದೊಂದೇ ಬಿಚ್ಚುತ್ತ ಹೋದರೆ ಕ್ಯಾಬ್ ಪಟ್ಟಿ ಬರೆಯುವವನು ಎನ್ನುವಲ್ಲಿಗೆ ಬಂದು ನಿಲ್ಲುತ್ತೇನೆ ಎಂದು —

“ಬೇಡಕ್ಕ, ಇದೇ ಇರಲಿ. ರೂಢಿ ಆಗುತ್ತೆ.”

ಅವರು ಆತು ತಮ್ಮಾ ಎಂದು ಫೋನಿಟ್ಟರು.

ರೂಢಿ ಮಾಡಿಕೊಂಡರು. ಹೇಗೆ ಮಾಡಿಕೊಂಡರು ಎಂಬುದನ್ನು ನೆನೆದರೆ ಇವತ್ತಿಗೂ ನನಗೆ ಕೈ ಮುಗಿಯಬೇಕೆನಿಸುತ್ತದೆ. ಹಳೆಯ ಕೌದಿಯೊಂದನ್ನು ಕತ್ತರಿಸಿ ಆ ಲ್ಯಾಪ್‌ಟಾಪಿನ ಅಳತೆಗೆ ಹೊಸ ಚೀಲ ಹೊಲಿದುಕೊಂಡರು. ಹೆಗಲ ಪಟ್ಟಿಗೆ ಕೌದಿಯ ನಾಲ್ಕು ಪದರ ಇಟ್ಟರು, ಆ ಹೊಲಿಗೆ ಎಷ್ಟು ಒಪ್ಪವಾಗಿತ್ತೆಂದರೆ ಕೂಟದ ಹೆಂಗಸರು ಕೇಳಿ ನೋಡುತ್ತಿದ್ದರು. ಬ್ಯಾಟರಿ ನಿಲ್ಲುವುದಿಲ್ಲವೆಂದು ಈ ಊರಿನ ಪ್ಲಗ್ಗುಗಳನ್ನೆಲ್ಲ ಪರಿಚಯ ಮಾಡಿಕೊಂಡರು! ಯಾವ ಕಟ್ಟಡದ ವಾಚ್‌ಮನ್ ಗೂಡಿನಲ್ಲಿ ಪ್ಲಗ್ ಇದೆ, ಯಾವ ಚಹಾ ಅಂಗಡಿಯವನು ಬೇಡವೆನ್ನುವುದಿಲ್ಲ, ಯಾವ ದರ್ಗಾದ ಕಚೇರಿಯಲ್ಲಿ ಕೂರಿಸಿ ನೀರು ಕೊಡುತ್ತಾರೆ — ಎಲ್ಲ ಬಾಯಿಪಾಠ. ಒಬ್ಬನ ಹತ್ತಿರ ತೆಲುಗು, ಇನ್ನೊಬ್ಬನ ಹತ್ತಿರ ಹಿಂದಿ, ಪ್ಲಗ್ ಮಾತ್ರ ಸಿಕ್ಕೇ ಸಿಗುತ್ತಿತ್ತು.

ಅವರು ಕೆಲಸ ಮಾಡುವುದನ್ನು ನೋಡಬೇಕು. ಎರಡೇ ಬೆರಳಲ್ಲಿ ಟೈಪು. ಎದುರಿಗೆ ಕೂತವರ ಹೆಸರು, ಅಪ್ಪನ ಹೆಸರು, ಊರು ಎಲ್ಲವನ್ನೂ ಎರಡೆರಡು ಸಲ ಹೇಳಿಸುತ್ತಾರೆ. ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುವ ಒಂದೊಂದು ಸಾಲನ್ನೂ ಅವರ ಮಾತಿನಲ್ಲೇ ಬಿಡಿಸಿ ಹೇಳುತ್ತಾರೆ. ಆ ಮನುಷ್ಯ ಹೂಂ ಎನ್ನುವವರೆಗೆ ಗುಂಡಿ ಒತ್ತುವುದಿಲ್ಲ. ಹಿಂದೆ ಎಷ್ಟು ಜನ ನಿಂತು ಗೊಣಗಿದರೂ ಅಷ್ಟೇ.

ಒಂದು ಭಾನುವಾರ ನಾರ್ಸಿಂಗಿ ಕಡೆಯ ಕಟ್ಟಡವೊಂದಕ್ಕೆ ನಾನೂ ಹೋಗಿದ್ದೆ. ಮಲ್ಲಮ್ಮ ಎಂಬ ಕೂಲಿಯ ಹೆಂಗಸು, ಊರಲ್ಲಿ ಬಿಟ್ಟು ಬಂದ ಮಗಳ ಹಾಸ್ಟೆಲ್ ಅರ್ಜಿ. ಅವತ್ತೇ ಕೊನೆಯ ದಿನ. ಫೋಟೊ ಹಾಕುವಷ್ಟರಲ್ಲಿ ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಅಲ್ಲಿ ಕರೆಂಟ್ ಇರಲಿಲ್ಲ. ಮಲ್ಲಮ್ಮ ಅಳಲು ಶುರುಮಾಡಿದಳು. ಅಕ್ಕ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಆ ಬಿಸಿಲಿನಲ್ಲಿ ಮುಖ್ಯರಸ್ತೆಯ ಮೆಡಿಕಲ್ ಶಾಪಿನವರೆಗೆ ನಡೆದೇ ಹೋದರು. ಬಹಳ ದೂರ. ಹಿಂದೆ ಮಲ್ಲಮ್ಮ, ಅವಳ ಹಿಂದೆ ನಾನು. ಕೊಡಿ ಅಕ್ಕ, ನಾನು ಹಿಡಿದುಕೊಳ್ಳುತ್ತೇನೆ ಎಂದೆ. ನನ್ನ ತಪ್ಪನ್ನು ಬೇರೆ ಯಾವ ರೀತಿಯಲ್ಲಿ ಒಪ್ಪಿಕೊಳ್ಳಬೇಕೋ ಗೊತ್ತಾಗಲಿಲ್ಲ.

“ತಲಿ ಮ್ಯಾಲೆ ಇಟ್ಟಂಗಿ ಹೊತ್ತಾಕಿ ನಾ. ಇದೇನ್ ವಜ್ಜಿ ಬಿಡು,” ಎಂದರು.

ಅಂಗಡಿಯ ಮೆಟ್ಟಿಲ ಮೇಲೆ ಕೂತು ಅರ್ಜಿ ಮುಗಿಸಿದರು. ಮಲ್ಲಮ್ಮನಿಂದ ಹೂಂ ಅನ್ನಿಸಿಯೇ ಒತ್ತಿದರು. ಆಮೇಲೆ ಚೀಲ ಇಳಿಸಿ, ಸೆರಗು ಸರಿಸಿ ಎಡ ಹೆಗಲು ಉಜ್ಜಿಕೊಂಡರು. ಕೌದಿಯ ನಾಲ್ಕು ಪದರವನ್ನೂ ಮೀರಿ ಅಲ್ಲಿ ಪಟ್ಟಿಯಗಲ ಕಪ್ಪು ಗುರುತು ಬಿದ್ದಿತ್ತು. ನಾನು ನೋಡಿದೆ. ಆ ಹುಡುಗಿಗೆ ಹಾಸ್ಟೆಲ್ ಸಿಕ್ಕಿತು ಎಂದು ಆಮೇಲೆ ಕೂಟದಲ್ಲಿ ಅಕ್ಕನೇ ಎಲ್ಲರಿಗೂ ಹೇಳಿದರು — ಹೇಳಿ, ನಮ್ಮ ಮಂಜು ಸರ ಆರಿಸಿ ಕೊಟ್ಟ ಮಷೀನಿನ ಮ್ಯಾಲೆ ಆಗಿದ್ದು ಎಂದು ಸೇರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು ಕೈ ಮುಗಿದೆ.

ನನ್ನ ಪಾಂಡಿತ್ಯ ಶುರುವಾದದ್ದು ಅಲ್ಲಿಂದ. ಒಬ್ಬರಾದ ಮೇಲೊಬ್ಬರು ಆರಿಸಿಕೊಡಿ ಎಂದು ಬಂದರು. ಮೈಸೂರಿನ ಟೀಚರ್ ದಂಪತಿ, ನಾಂಪಲ್ಲಿಯ ಸರ್ಕಾರಿ ಕಚೇರಿಯ ಗುಮಾಸ್ತರು, ಉಡುಪಿಯ ಇಬ್ಬರು ಹುಡುಗಿಯರು. ಅವರಿಗೆಲ್ಲ ನಾನು ಹೇಳಿದ್ದು ಒಂದೇ — ದಿನಾ ಹೊರುವ ಬ್ಯಾಗನ್ನು ತುಂಬಿಕೊಂಡೇ ಅಂಗಡಿಗೆ ಹೋಗಿ. ಲ್ಯಾಪ್‌ಟಾಪ್ ಅದರೊಳಗಿಟ್ಟು ಮೆಟ್ಟಿಲಿಳಿದು ಹತ್ತಿ. ಬಿಸಿಲಿನಲ್ಲಿ ತೆರೆದು ನೋಡಿ. ಪ್ಲಗ್ ಇಲ್ಲದೆ ಎಷ್ಟು ಹೊತ್ತು ಎಂದು ಕೇಳಿ. ಎಲ್ಲರಿಗೂ ಒಳ್ಳೆಯದೇ ಸಿಕ್ಕಿತು. ‘ಮಂಜು ಸರ್ ಬ್ಯಾಗ್ ಟೆಸ್ಟ್’ ಎಂದು ಅದಕ್ಕೆ ಹೆಸರೂ ಬಿತ್ತು. ಅಕ್ಕ ಇದ್ದಲ್ಲಿ ಮಾತ್ರ ನಾನು ಅದರ ಮಾತೆತ್ತುತ್ತಿರಲಿಲ್ಲ. ಯಾವ ಹೆಣ್ಣುಮಗಳನ್ನು ನೋಡಿ ನಕ್ಕಿದ್ದೆನೋ ಅವರ ಬುದ್ಧಿಯನ್ನೇ ಕದ್ದು ನಾನು ದೊಡ್ಡವನಾದೆ. ಅದರಿಂದ ಎಲ್ಲರ ಹೆಗಲೂ ಹಗುರವಾಯಿತು, ಅವರದೊಂದು ಬಿಟ್ಟು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ನೂಕುನುಗ್ಗಲು ಹೆಚ್ಚಾಗಿ, ಅಕ್ಕ ಆ ಚೀಲ ಹೊತ್ತು ನಿಂತೇ ಹೋಗಿ ಬರುತ್ತಿದ್ದರು. ಅದೂ ನನಗೆ ಗೊತ್ತಿತ್ತು.

ಹೋದ ವಾರ ಅಕ್ಕ ಫೋನ್ ಮಾಡಿದರು. ಹಳೆಯದು ಹತ್ತುತ್ತಲೇ ಇಲ್ಲ, ಬರುವ ಭಾನುವಾರ ಅಬಿಡ್ಸ್‌ಗೆ ಬಾ, ಇನ್ನೊಂದು ನೋಡೋಣ ಎಂದರು. ನನಗೆ ಜೀವ ಬಂದಂತಾಯಿತು — ಈ ಸಲ ಸಣ್ಣದು ಕೊಡಿಸಿಬಿಟ್ಟರೆ ಹೇಳದೆಯೇ ಎಲ್ಲ ಸರಿಹೋಗುತ್ತದಲ್ಲ! ಸಣ್ಣದೇ ನೋಡೋಣ ಅಕ್ಕ ಎಂದೆ. ಅವರು ನಕ್ಕರು.

“ಬ್ಯಾಡ ತಮ್ಮಾ, ದೊಡ್ಡದ ಇರಲಿ. ಸಣ್ಣವು ಹುಡುಗರ ಆಟದ ಸಾಮಾನು ಅಂತ ನೀನ ಹೇಳಿದ್ದಿಯಲ್ಲ. ನನಗೇನ್ ತಿಳೀತಿತ್ತು ಆವಾಗ, ಚೀಲದಾಗ ಇಟ್ಕೊಂಡು ಅಂಗಡಿ ತುಂಬ ಅಡ್ಡಾಡಿದ್ದೆ.”

ಹೆಗಲಿನ ಗುರುತಿಗಿಂತ ಇದು ನನ್ನನ್ನು ಹೆಚ್ಚು ಸುಟ್ಟಿತು. ಆ ಅಂಗಡಿಯಲ್ಲಿ ಅವತ್ತು ತಿಳಿದವರು ಅವರೊಬ್ಬರೇ ಇದ್ದರು. ಆರು ವರ್ಷ ಕಳೆದ ಮೇಲೆ ಅವರು ತಮ್ಮ ಅದೇ ತಿಳಿವಳಿಕೆಯನ್ನು ನೆನೆದು ನಾಚುತ್ತಿದ್ದಾರೆ, ನಾನು ನಕ್ಕ ಹಾಗೆಯೇ ತಮ್ಮನ್ನು ನೋಡಿ ನಗುತ್ತಿದ್ದಾರೆ. ಸುಮ್ಮನೆ ಸಣ್ಣದು ಕೊಡಿಸಿದರೆ ಇದು ಸರಿಹೋಗುವುದಿಲ್ಲ. ಈ ಸಲವೂ ಆರಿಸಿದವನು ನಾನೇ ಆಗುತ್ತೇನೆ.

ಈ ಕಾಗದಗಳನ್ನು ಸಂಚಿಕೆಯವರಿಗೆ ಕೊಡುವ ಮೊದಲು, ಶನಿವಾರ ಕಾಚಿಗೂಡದ ಆ ಕಟ್ಟೆಗೆ ಒಯ್ಯುತ್ತೇನೆ. ಸರದಿಯಲ್ಲಿ ನಿಂತು, ನನ್ನ ಪಾಳಿ ಬಂದಾಗ ಎದುರಿಗೆ ಕೂತು, ಅವರು ಅರ್ಜಿ ಓದಿ ಹೇಳುವ ಹಾಗೆ ಒಂದೊಂದು ಸಾಲೂ ಓದಿ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಆತು ತಮ್ಮಾ ಎಂದುಬಿಡುತ್ತಾರೆ, ಅದು ನನಗೆ ಗೊತ್ತು. ಅವರು ಹೂಂ ಎಂದರೆ ಮಾತ್ರ ಇದನ್ನು ಅಚ್ಚಿಗೆ ಕೊಡುತ್ತೇನೆ.

ಭಾನುವಾರ ನಾನು ಬರುವುದು ಅವರಿಗೆ ಬೇಡವೆನಿಸಿದರೆ ಹೋಗುವುದಿಲ್ಲ. ಬಾ ಎಂದರೆ ಹೋಗುತ್ತೇನೆ, ಆದರೆ ಅಂಗಡಿಯೊಳಗೆ ಕಾಲಿಡುವುದಿಲ್ಲ. ಕೆಟ್ಟು ನಿಂತ ಆ ಹಳೆಯ ಲ್ಯಾಪ್‌ಟಾಪನ್ನು ಕೌದಿ ಚೀಲದಲ್ಲಿ ನನ್ನ ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕೆಳಗೆ, ಬಿಸಿಲಿನಲ್ಲಿ ನಿಂತಿರುತ್ತೇನೆ. ಮೇಲೆ ಶರಣಮ್ಮಕ್ಕ ತಮ್ಮ ಬಟ್ಟೆ ಚೀಲ ತುಂಬಿಕೊಂಡು, ಬೇಕಾದಷ್ಟು ಸಲ ಇಳಿದು ಹತ್ತಿ, ತಾವೇ ಆರಿಸಿಕೊಳ್ಳಲಿ.