ಮೊದಲು ಮನಿ, ಆಮ್ಯಾಲೆ ಗುಡ್ಡ

ನನ್ನ ಸೋದರತ್ತೆಯ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿರುತ್ತಿತ್ತು. ಉಳಿದ ಒಂಬತ್ತನ್ನೂ ತಪ್ಪದೆ ಕತ್ತರಿಸಿಕೊಳ್ಳುತ್ತಿದ್ದ ಆಕೆ ಆ ಒಂದನ್ನು ಹಾಗೇ ಬಿಡುತ್ತಿದ್ದಳು. ಸಂತೆಯಲ್ಲಿ ಬದನೆಕಾಯಿಯನ್ನು ಆ ಉಗುರಿನಿಂದ ಒತ್ತಿ ನೋಡುವಳು, ಹೊಸ ಗಡಿಗೆಯ ಅಂಚನ್ನು ಕೆರೆಯುವಳು, ಸೀರೆಯ ಜರಿಯನ್ನು ಗೀರುವಳು, ಜೋಳದ ಕಾಳನ್ನು ಸೀಳಿ ಒಳಗೆ ಹುಳ ಇದೆಯೇ ಎಂದು ಬಿಸಿಲಿಗೆ ಹಿಡಿಯುವಳು. ಆಕೆ ದೂರದಲ್ಲಿ ಕಂಡರೆ ಸಾಕು, ಕಾಯಿಪಲ್ಯ ಮಾರುವವರು ಬುಟ್ಟಿಯ ಮೇಲೆ ಗೋಣಿಚೀಲ ಎಳೆದುಕೊಳ್ಳುತ್ತಿದ್ದರು.

ಆಕೆ ನನ್ನ ಅಪ್ಪನ ಅಕ್ಕ. ದೇವದುರ್ಗಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಗಂಡ ಬೇಗ ತೀರಿಹೋದ ಮೇಲೆ ಮಲ್ಲಟಕ್ಕೆ, ನಮ್ಮ ಮನೆಗೇ ಬಂದುಬಿಟ್ಟಳು. ನಾನು ಹುಟ್ಟುವ ಹೊತ್ತಿಗಾಗಲೇ ಅಡುಗೆಮನೆ, ಕಣಜ, ಕೊಟ್ಟಿಗೆ ಎಲ್ಲ ಆಕೆಯ ಕಣ್ಣಿನ ಕೆಳಗಿದ್ದವು. ನಾವು ಮಕ್ಕಳು ಆಕೆಯನ್ನು ಅತ್ತಿ ಎನ್ನುತ್ತಿದ್ದೆವು.

ಅತ್ತೆಗೆ ಎಲ್ಲರ ಮೇಲೂ ಅನುಮಾನ. ಚೀಕಲಪರ್ವಿಯಲ್ಲಿ ಹೊಳೆ ದಾಟುವಾಗ ಅಂಬಿಗನಿಗೆ, "ನೀ ಮೊದಲು ಒಮ್ಮೆ ಖಾಲಿ ಹರಗೋಲು ತಗೊಂಡು ಹೋಗಿ ಬಾರಪ್ಪಾ, ನಾ ನೋಡ್ತೀನಿ" ಎಂದು ಹೇಳಿ ದಂಡೆಯ ಮೇಲೆ ಕೂತುಬಿಟ್ಟಿದ್ದಳು. ಅಂಬಿಗ ನಕ್ಕ, ಬೈದ, ಕಡೆಗೆ ಹೋಗಿ ಬಂದ. ಯಾರಾದರೂ ನಯವಾಗಿ ಮಾತಾಡಿದರೆ ಅವರು ಹೋದ ಮೇಲೆ ಆಕೆ ಹೇಳುತ್ತಿದ್ದುದು ಒಂದೇ ಮಾತು: "ಇಷ್ಟು ಬೆಣ್ಣಿ ಯಾಕ ಹಚ್ಚಿದ? ರೊಟ್ಟಿ ಎಲ್ಲೋ ಸೀದಿರಬೇಕು."

ಆಕೆಯ ಅನುಮಾನ ಯಾವಾಗಲೂ ಸರಿಯಾಗಿರುತ್ತಿತ್ತು ಎಂದರೆ ಸುಳ್ಳಾದೀತು. ಒಮ್ಮೆ ನನ್ನ ತಮ್ಮನ ಬೆಳ್ಳಿ ಕಡಗ ಕಳೆದಾಗ ಬಟ್ಟೆ ಒಗೆಯುವಾಕೆಯನ್ನು ಓಣಿಯ ನಡುವೆ ನಿಲ್ಲಿಸಿ ಕೇಳಿದಳು. ಎಂಟು ದಿನಕ್ಕೆ ಕಡಗ ಜೋಳದ ಕಣಜದಲ್ಲಿ ಸಿಕ್ಕಿತು. ಅತ್ತೆ ಅದನ್ನು ಕೈಯಲ್ಲಿ ಹಿಡಿದುಕೊಂಡು ಆ ಹೆಂಗಸಿನ ಮನೆಗೆ ಹೋಗಿ, ಓಣಿಯವರೆಲ್ಲ ಕೇಳುವ ಹಾಗೆ, "ನಂದು ತಪ್ಪಾತವ್ವಾ, ನಿನ್ನ ಹೆಸರು ಕೆಡಿಸಿದೆ" ಎಂದಳು. ಆ ಹೆಂಗಸು ಮತ್ತೆ ನಮ್ಮ ಮನೆಯ ಬಟ್ಟೆ ಮುಟ್ಟಲಿಲ್ಲ. ಅದಾದ ಮೇಲೆ ಒಂದು ವರ್ಷ ನಮ್ಮ ಬಟ್ಟೆಗಳನ್ನೆಲ್ಲ ಅತ್ತೆಯೇ ಒಗೆದಳು.

ನನಗೆ ಹದಿನೇಳು ತುಂಬಿದಾಗ ರಾಯಚೂರಿನಿಂದ ಒಂದು ಸಂಬಂಧ ಬಂತು. ಹತ್ತಿ ವ್ಯಾಪಾರದ ಮನೆ, ಒಬ್ಬನೇ ಮಗ. ಮಾನ್ವಿಯ ಮಧ್ಯಸ್ಥರೊಬ್ಬರು ಕುದುರಿಸಿದ್ದರು. ಹುಡುಗ ಮಾನ್ವಿಯ ಅವರ ಮನೆಗೇ ಬಂದು ನನ್ನನ್ನು ನೋಡಿದ್ದ. ಕೈಗೆ ಗಡಿಯಾರ ಕಟ್ಟಿದ್ದ, ತಲೆ ಎತ್ತಿ ಒಮ್ಮೆ ನಕ್ಕಿದ್ದ. ನನಗೆ ಅಷ್ಟೇ ಸಾಕಾಗಿತ್ತು. ಆ ನಗೆಯನ್ನು ರೊಟ್ಟಿ ಬಡಿಯುವಾಗ, ನೀರು ತರುವಾಗ, ನೂರು ಸಲ ನೆನಪು ಮಾಡಿಕೊಂಡಿದ್ದೆ.

ಇನ್ನು ನಮ್ಮವರು ಹೋಗಿ ಅವರ ಮನೆ ನೋಡಿ ಬರಬೇಕು. ಹುಡುಗನ ತಂದೆ ಪತ್ರ ಬರೆದರು: ಹುಡುಗಿಯನ್ನೂ ಕರೆದುಕೊಂಡು ಬನ್ನಿ, ನಮ್ಮ ಮುದಿ ತಾಯಿಗೆ ಅಷ್ಟು ದೂರ ಬರಲಾಗುವುದಿಲ್ಲ, ಇಲ್ಲೇ ನೋಡುತ್ತಾಳೆ, ನೀವು ರಾಯಚೂರು ನೋಡಿದವರಲ್ಲ, ಊರನ್ನೂ ತೋರಿಸುತ್ತೇವೆ. ಬೆಳಿಗ್ಗೆ ಒಂಬತ್ತಕ್ಕೆ ಬಸ್ಸು ಇಳಿದ ಕೂಡಲೇ ನಮ್ಮ ಟಾಂಗಾ ನಿಂತಿರುತ್ತದೆ. ಮೊದಲು ಕೋಟೆ, ಗುಡ್ಡ. ಆಮೇಲೆ ಖಾಸ ಬಾವಿ, ಅಲ್ಲಿಂದ ಕೆರೆ. ಮಧ್ಯಾಹ್ನದ ಊಟಕ್ಕೆ ಗೆಳೆಯರ ಮನೆ. ಊಟವಾದ ಮೇಲೆ ರೈಲು ಸ್ಟೇಷನ್ನು, ಹತ್ತಿ ಗಿರಣಿ. ನಾಲ್ಕೂವರೆಗೆ ನಮ್ಮ ಮನೆಯಲ್ಲಿ ಚಹಾ. ಐದಕ್ಕೆ ನಿಮ್ಮ ಬಸ್ಸು.

ಅಪ್ಪ ಓದಿ ಮುಗಿಸಿದಾಗ ಬಾಣಂತಿಯಾಗಿದ್ದ ಅವ್ವ ಒಳಗಿನಿಂದಲೇ, "ಎಷ್ಟು ಚಂದ ಬರದಾರ" ಎಂದಳು. ಅತ್ತೆ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದವಳು ಕೈ ನಿಲ್ಲಿಸಿದಳು.

"ತಮ್ಮಾ, ಇನ್ನೊಮ್ಮೆ ಓದು."

ಅಪ್ಪ ಓದಿದ.

"ಮನಿ ಎಷ್ಟನೇದು?"

"ಕಡೀದು. ನಾಕೂವರಿಗೆ."

"ಯಾವ ಊರಾಗ ಬೀಗರನ್ನ ಮೊದಲು ಗುಡ್ಡ ಹತ್ತಿಸಿ ಆಮ್ಯಾಲೆ ಮನಿಗೆ ಕರೀತಾರ? ನಾವು ಹೊಂಟಿದ್ದು ಮನಿ ನೋಡಾಕೋ, ಗುಡ್ಡ ನೋಡಾಕೋ?"

"ಪ್ರೀತೀಲೆ ಕರದಾರ ಅಕ್ಕಾ. ಅದಕ್ಕೂ ಅನುಮಾನೇನು?"

"ಪ್ರೀತಿ ಇದ್ದವರು ಮೊದಲು ಮನಿಗೆ ಕರದು ನೀರು ಕೊಡ್ತಾರ" ಎಂದು ಅತ್ತೆ ಮತ್ತೆ ಹುಣಸೆಹಣ್ಣಿಗೆ ಕೈ ಹಾಕಿದಳು.

ನನಗೆ ಆಕೆಯ ಮೇಲೆ ವಿಪರೀತ ಸಿಟ್ಟು ಬಂತು. ಈಕೆ ನನ್ನ ಮದುವೆಯನ್ನೂ ಉಗುರಿನಿಂದ ಕೆರೆಯಲು ಕೂತಿದ್ದಾಳೆ ಅನ್ನಿಸಿತು. ಅಂದಿನಿಂದ ಹೊರಡುವ ತನಕ ಆಕೆಯೊಂದಿಗೆ ನಾನು ಸರಿಯಾಗಿ ಮಾತಾಡಲಿಲ್ಲ.

ಮಾನ್ವಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ಬಸ್ಸು. ಯುದ್ಧದ ಕಾಲ, ಪೆಟ್ರೋಲ್ ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಇದ್ದಿಲು ಉರಿಸುವ ದೊಡ್ಡ ಪೀಪಾಯಿ ಕಟ್ಟಿದ್ದರು. ಅಪ್ಪ, ಅತ್ತೆ, ನಾನು, ಮಧ್ಯಸ್ಥರು ನಾಲ್ವರು. ಅತ್ತೆ ದಾರಿಯುದ್ದಕ್ಕೂ ಮಧ್ಯಸ್ಥರನ್ನು ಕೇಳಿದ್ದನ್ನೇ ಕೇಳಿದಳು. ಹುಡುಗನ ವಯಸ್ಸು ಮಾನ್ವಿ ಬಿಟ್ಟಾಗ ಇಪ್ಪತ್ತೆರಡಿತ್ತು, ರಾಯಚೂರಿನ ಗುಡ್ಡ ಕಣ್ಣಿಗೆ ಬೀಳುವ ಹೊತ್ತಿಗೆ ಇಪ್ಪತ್ತೈದಾಯಿತು. ಅತ್ತೆ ನನ್ನ ಕಡೆ ತಿರುಗಿ ನೋಡಿದಳು. ನಾನು ಕಿಟಕಿಯ ಹೊರಗೆ ನೋಡಿದೆ.

ಬಸ್ಸು ಇಳಿದಾಗ ಪತ್ರದಲ್ಲಿ ಹೇಳಿದ ಟಾಂಗಾ ನಿಂತಿತ್ತು. ಅತ್ತೆ ಅದರ ಸುತ್ತ ಒಂದು ಸುತ್ತು ಬಂದಳು.

"ಈ ಕುದುರಿ ಕಾಲು ಎಳೀತದ. ನಾ ಇದನ್ನ ಹತ್ತಂಗಿಲ್ಲ."

ಅಪ್ಪ ತಡೆಯುವ ಮೊದಲೇ ಕೈ ಮಾಡಿ ಬೇರೊಂದು ಟಾಂಗಾ ಕರೆದಳು. ಬಿಳಿ ಗಡ್ಡದ ಸಾಬರು ನಿಲ್ಲಿಸಿ, ಹೊಸಬರು ಎಂದು ತಿಳಿದು, ಮೊದಲು ಕೋಟೆ ತೋರಿಸಲೇ ಎನ್ನುವಂತೆ, "ಪೈಲೆ ಕಿಲ್ಲಾ ದೇಖ್ತೆ ಕ್ಯಾ ಮಾ?" ಎಂದು ಕೇಳಿದರು.

"ನಹೀ. ಪೈಲೆ ಘರ್" ಎಂದಳು ಅತ್ತೆ, ತನಗೆ ಬರುತ್ತಿದ್ದ ನಾಲ್ಕು ತುರ್ಕ ಮಾತಿನಲ್ಲಿ. ಹುಡುಗನ ತಂದೆಯ ಹೆಸರು ಹೇಳಿದ ಕೂಡಲೇ ಸಾಬರಿಗೆ ಮನೆ ಗೊತ್ತಾಯಿತು.

ಮಧ್ಯಸ್ಥರ ಮುಖ ಇಳಿಯಿತು. "ಮನ್ಯಾಗ ಇನ್ನಾ ತಯಾರಿ ಆಗಿರಂಗಿಲ್ರೀ ಯವ್ವಾ. ಹೇಳಿದ ಹೊತ್ತಿಗೇ ಹೋಗೂಣು."

"ತಯಾರಿ ಆಗದ ಮನೀನೇ ನಾ ನೋಡಬೇಕ್ರಿ."

ಅಪ್ಪ ಹಲ್ಲು ಕಚ್ಚಿ ಟಾಂಗಾ ಹತ್ತಿದ. ಬೀದಿಯಲ್ಲಿ ಅಕ್ಕನೊಂದಿಗೆ ಜಗಳ ಆಡುವ ಮನುಷ್ಯ ಅಲ್ಲ ಆತ.

ತೀನ್ ಕಂದೀಲು ಚೌಕದ ಆಚೆ ಒಂದು ಓಣಿಯಲ್ಲಿ ದೊಡ್ಡ ಬಾಗಿಲಿನ ಮನೆ. ಬಾಗಿಲು ತೆರೆದೇ ಇತ್ತು. ಅಂಗಳದ ಕಟ್ಟೆಯ ಮೇಲೆ ಇಪ್ಪತ್ತೆರಡು ಇಪ್ಪತ್ತಮೂರರ ಹೆಂಗಸೊಬ್ಬಳು ಬಟ್ಟೆಯ ಗಂಟು ಕಟ್ಟುತ್ತಿದ್ದಳು. ಪಕ್ಕದಲ್ಲಿ ಎರಡು ವರ್ಷದ ಕೂಸು ಬೆಲ್ಲದ ಚೂರು ಚೀಪುತ್ತಿತ್ತು. ನಮ್ಮನ್ನು ನೋಡಿ ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದಳು.

"ಬರ್ರಿ ಯವ್ವಾ, ಬರ್ರಿ ಯಪ್ಪಾ, ಕುಂದರ್ರಿ" ಎಂದು ಚಾಪೆ ಹಾಸಿ ತಂಬಿಗೆಯಲ್ಲಿ ನೀರು ತಂದಿಟ್ಟಳು.

ಅತ್ತೆ ನೀರು ಕುಡಿದಳು. ಆಮೇಲೆ ಕೇಳಿದಳು: "ನೀ ಯಾರು ತಂಗಿ?"

"ಈ ಮನಿ ಸೊಸಿರೀ."

"ಈ ಮನ್ಯಾಗ ಗಂಡಮಕ್ಕಳು ಎಷ್ಟು ಮಂದಿ?"

"ಒಬ್ಬರ ರೀ" ಎಂದು ಆಕೆ ನಾಚಿ ತಲೆ ತಗ್ಗಿಸಿದಳು.

ಮಧ್ಯಸ್ಥರು ಆಗಲೇ ಬಾಗಿಲ ಹೊರಗಿದ್ದರು. ಅಪ್ಪ ತಂಬಿಗೆಯನ್ನು ತುಟಿಯ ಹತ್ತಿರ ತಂದವನು ಹಾಗೇ ಕೆಳಗಿಟ್ಟ. ಒಳಗಿನಿಂದ ಹಿಟ್ಟಿನ ಕೈಯಲ್ಲೇ ಹುಡುಗನ ತಾಯಿ ಓಡಿ ಬಂದರು. ನಮ್ಮನ್ನು ಕಂಡು ಸೆರಗಿಗೆ ಕೈ ಒರೆಸಿಕೊಂಡರು. ಆಮೇಲೆ ನಕ್ಕರು.

"ಆಕಿ ಮಾತು ಹಚ್ಚಿಕೋಬ್ಯಾಡ್ರಿ. ನಮ್ಮ ದೂರದ ಸಂಬಂಧದಾಕಿ. ಗಂಡ ಬಿಟ್ಟಾನ, ತಲಿ ಸರಿ ಇಲ್ಲ. ಬಂದವರ ಮುಂದೆಲ್ಲ ಸೊಸಿ ಅಂತಾಳ. ನಿನ್ನೆ ಬಂದಾಳ, ಇವತ್ತ ದೇವದುರ್ಗಕ್ಕ ಕಳಸಾಕತ್ತೀವಿ."

ಆ ಹೆಂಗಸು ಕೂಸನ್ನು ಹತ್ತಿರ ಎಳೆದುಕೊಂಡಳು. ಅಪ್ಪನ ಮುಖದಲ್ಲಿ ನಾನು ಆಸೆ ಕಂಡೆ, ಆತನಿಗೆ ನಂಬಬೇಕಾಗಿತ್ತು. ನಿಜ ಹೇಳುತ್ತೇನೆ, ನನಗೂ ನಂಬಬೇಕಾಗಿತ್ತು. ಆಕೆಗೆ ಹುಚ್ಚೇ ಇರಲಿ ಎಂದು ಆ ಗಳಿಗೆ ನಾನು ಬೇಡಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅತ್ತೆ ಆ ಹೆಂಗಸಿನ ಕಡೆ ತಿರುಗಿ ತೀರಾ ಸಹಜವಾಗಿ, "ತಂಗಿ, ಬಸ್ಸಿನ್ಯಾಗ ಹೊಟ್ಟಿ ತೊಳಸೇದ. ಒಂದು ಹರಳು ಉಪ್ಪು ಬೇಕಿತ್ತು. ಉಪ್ಪಿನ ಗಡಿಗಿ ಎಲ್ಲದ?" ಎಂದಳು.

"ಒಲಿ ಎಡಕ, ಬೀಸೂಕಲ್ಲಿನ ಹಿಂದ ಅದ ರೀ. ಥಂಡಿ ಹತ್ತತದಂತ ಬೂದಿ ಮ್ಯಾಲೆ ಇಟ್ಟೀನಿ. ತರ್ತೀನಿ ತಡೀರಿ."

ಅತ್ತೆ ಅಪ್ಪನನ್ನು ನೋಡಿದಳು. "ನಿನ್ನೆ ಬಂದಾಕಿ ಉಪ್ಪು ಬೂದಿ ಮ್ಯಾಲೆ ಇಡಂಗಿಲ್ಲ ತಮ್ಮಾ. ಇದು ಈಕಿ ಮನಿ."

ಆಮೇಲೆ ಆಕೆ ಆ ಹೆಂಗಸಿನ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು.

"ಇವತ್ತ ಯಾಕ ಊರಿಗೆ ಹೊಂಟೀದಿ?"

"ನಮ್ಮವ್ವಗ ಆರಾಮಿಲ್ಲಂತ್ರೀ. ಅತ್ತಿಯಾರು ಹೇಳ್ಯಾರ. ಹನ್ನೆರಡರ ಬಸ್ಸಿಗೆ."

"ನಿಮ್ಮವ್ವ ಆರಾಮ ಇರಬೇಕು. ನಾ ಹೇಳತೀನಿ ಕೇಳು. ನಿನ್ನ ಗಂಡಗ ಈ ಹುಡುಗೀನ ಕೊಡಾಕಂತ ನಾವು ಮಲ್ಲಟದಿಂದ ಬಂದೀವಿ."

ಆಕೆ ನನ್ನನ್ನು ನೋಡಿದಳು. ನನ್ನ ಹೊಸ ಸೀರೆ, ತಲೆಯ ಹೂವು, ಕಾಲಿನವರೆಗೂ ನೋಡಿದಳು. ಸಿಟ್ಟು ಇರಲಿಲ್ಲ. ನನ್ನ ಮೇಲೆ ಕನಿಕರ ಪಟ್ಟ ಹಾಗಿತ್ತು. ಅಷ್ಟರಲ್ಲಿ ಒಳಬಾಗಿಲಿಗೆ ಹುಡುಗ ಬಂದು ನಿಂತ. ಅದೇ ಗಡಿಯಾರ. ಆಕೆ ಗಂಟು ಬಿಚ್ಚಿದಳು. ಒಂದೊಂದೇ ಸೀರೆ ತೆಗೆದು ಅಂಗಳದ ಗೂಟಕ್ಕೆ ಹಾಕಿದಳು, ಕೂಸಿನ ಅಂಗಿ ಹಾಕಿದಳು, ಖಾಲಿಯಾದ ಬಟ್ಟೆಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಳು. "ನಾ ಎಲ್ಲೂ ಹೋಗಂಗಿಲ್ಲ" ಎಂದಳು.

ನಾವು ಹೊರಗೆ ಬಂದೆವು. ಆಗಿನ್ನೂ ಹತ್ತೂವರೆ. ಬಸ್ಸು ಐದಕ್ಕೆ. ಮಧ್ಯಸ್ಥರು ಓಣಿಯಲ್ಲೆಲ್ಲೂ ಕಾಣಲಿಲ್ಲ. ಸಾಬರು ಮಾತ್ರ ಟಾಂಗಾ ಬಿಟ್ಟು ಕದಲಿರಲಿಲ್ಲ.

"ಈಗ ಕಿಲ್ಲಾ" ಎಂದಳು ಅತ್ತೆ.

ಅಪ್ಪ ಮೊದಲ ಸಲ ಅಕ್ಕನ ಮೇಲೆ ಕೂಗಿದ: "ಮದುವಿ ಮುರದು ಬಿದ್ದದ, ನಿನಗ ಕಿಲ್ಲಾ ಬೇಕಾ?"

"ಬೇಕು. ಹತ್ತು" ಎಂದಳು.

ಕೋಟೆಯ ಹತ್ತಿರ ಇಳಿದು ಅಪ್ಪ ಗೋಡೆಯಲ್ಲಿದ್ದ ಶಾಸನದ ಉದ್ದನೆಯ ಕಲ್ಲಿನ ಎದುರು ನಮಗೆ ಬೆನ್ನು ಮಾಡಿ ನಿಂತುಬಿಟ್ಟ. ಅತ್ತೆ ನನ್ನನ್ನು ಕರೆದುಕೊಂಡು ಗುಡ್ಡ ಹತ್ತಿದಳು. ಅರ್ಧ ಹತ್ತುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಒಂದು ಬಂಡೆಗೆ ಒರಗಿ ಅಳತೊಡಗಿದೆ, "ನಿನ್ನ ಅನುಮಾನದಿಂದ ನನ್ನ ಬಾಳು ಹಾಳಾತು" ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಆಕೆ ಪಕ್ಕದಲ್ಲಿ ಕೂತು ಎಲ್ಲ ಕೇಳಿದಳು.

"ಇಲ್ಲೇ ಅಳು" ಎಂದಳು. "ಸಂಜಿಗೆ ಊರಿಗೆ ಹೋದ ಮ್ಯಾಲೆ ಅತ್ತರ ಊರೆಲ್ಲ ನೋಡತದ. ಇಲ್ಲಿ ನಮ್ಮನ್ನ ಬಲ್ಲವರಿಲ್ಲ. ಅದಕ್ಕ ಮನಿ ಆದ ಮ್ಯಾಲೆ ಗುಡ್ಡ ಅಂದೆ."

ನನ್ನ ಅಳು ತಗ್ಗಿದ ಮೇಲೆ, ಕೆಳಗೆ ಕೆರೆಯ ನೀರು ನೋಡುತ್ತ, ಯಾವತ್ತೂ ಹೇಳದ ತನ್ನ ಕತೆ ಹೇಳಿದಳು. ದೇವದುರ್ಗದಲ್ಲಿ ನಮ್ಮ ತಾತನಿಗೆ ಊರು ಕೇರಿ ಎಲ್ಲ ತೋರಿಸಿ, ಹೊತ್ತು ಮುಳುಗುವಾಗ ಅವಸರದಲ್ಲಿ ಕೊಟ್ಟಿಗೆ ತೋರಿಸಿದ್ದರಂತೆ. ಹನ್ನೆರಡು ಎತ್ತು. ಮದುವೆಯಾಗಿ ಹೋದಾಗ ಇದ್ದದ್ದು ಎರಡು, ಅದರಲ್ಲೊಂದು ಕುಂಟು. "ಎತ್ತಿನ ಸುಳ್ಳಾದರ ತಡಕೋಬಹುದು. ಅದೊಂದೇ ಅಲ್ಲ, ಮತ್ತೂ ಇದ್ದವು" ಎಂದಳು. ಅವೇನೆಂದು ಹೇಳಲಿಲ್ಲ.

ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚಿ ರೊಟ್ಟಿ ತಿಂದೆವು. ಸಾಬರಿಗೂ ಎರಡು ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ಕಡೆಗೆ ಸ್ಟೇಷನ್ನಿಗೆ ಹೋದೆವು. ನಾನು ರೈಲು ನೋಡಿದ್ದು ಅದೇ ಮೊದಲು. ಇಂಜಿನ್ ಹೊಗೆ ಉಗುಳಿಕೊಂಡು ಒಳಗೆ ಬಂದಾಗ ಅತ್ತೆ ಹೆದರಿ ನನ್ನ ತೋಳು ಹಿಡಿದಳು, ನನಗೆ ಅಳುವಿನ ನಡುವೆ ನಗು ಬಂತು.

ಮರುವಾರ ಅತ್ತೆ ಒಬ್ಬಳೇ ದೇವದುರ್ಗಕ್ಕೆ ಹೋಗಿ ಆ ಹೆಂಗಸಿನ ಅಣ್ಣಂದಿರನ್ನು ಹುಡುಕಿ ಎಲ್ಲ ಹೇಳಿ ಬಂದಳು. ಅವರು ಹೋಗಿ ರಾಯಚೂರಿನ ಆ ಅಂಗಳದಲ್ಲಿ ಮೂರು ದಿನ ಕೂತರಂತೆ. ಎರಡನೆಯ ಮದುವೆಯ ಮಾತು ಅಲ್ಲಿಗೆ ನಿಂತಿತು. ಆದರೆ ಆ ಮನೆಯವರು ಸುಮ್ಮನಿರಲಿಲ್ಲ. ಮಲ್ಲಟದ ಹುಡುಗಿ ಸರಿಯಿಲ್ಲ, ಅವಳ ಅತ್ತೆ ಮಾಟಗಾತಿ ಎಂದು ಹಬ್ಬಿಸಿದರು. ನಾಲ್ಕು ವರ್ಷ ನಮ್ಮ ಬಾಗಿಲಿಗೆ ಒಂದು ಸಂಬಂಧವೂ ಬರಲಿಲ್ಲ. ಅಪ್ಪ ಎಷ್ಟೋ ತಿಂಗಳು ಅಕ್ಕನನ್ನು ಮಾತಾಡಿಸಲಿಲ್ಲ. ಅತ್ತೆ ತಟ್ಟೆಗೆ ಬಡಿಸಿ ಎದುರಿಗಿಟ್ಟು ಹೋಗುವಳು. ಅಪ್ಪ ಉಂಡು ಏಳುವನು.

ಆಮೇಲೆ ಮಾನ್ವಿಯ ಶಾಲೆಯ ಮಾಸ್ತರರೊಬ್ಬರು ನನ್ನನ್ನು ಕೇಳಿ ಬಂದರು. ಅತ್ತೆ ಬೇರೆ ಬೇರೆ ನೆವ ಮಾಡಿಕೊಂಡು ಮೂರು ಸಲ ಮಾನ್ವಿಗೆ ಹೋದಳು. ಶಾಲೆ ಬಿಡುವ ಹೊತ್ತಿಗೆ ಮಕ್ಕಳನ್ನು ತಡೆದು, "ನಿಮ್ಮ ಮಾಸ್ತರ ಬಡೀತಾನೇನು?" ಎಂದು ಕೇಳಿದಳು. ಮಾಸ್ತರರು ನೀರು ಸೇದುವ ಬಾವಿಯ ಹೆಂಗಸರನ್ನು ಕೇಳಿದಳು. ಕಡೆಗೆ ಮಾಸ್ತರರನ್ನೇ ಎದುರಿಗೆ ಕೂರಿಸಿಕೊಂಡು ಕೇಳಿದಳು. ಮದುವೆಯ ದಿನವೂ ಆಕೆಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ನನ್ನ ಗಂಡ ಇದನ್ನೆಲ್ಲ ತಿಳಿದೂ ಆಕೆಯನ್ನು ಕಡೆತನಕ ಬಹಳ ಗೌರವದಿಂದ ಕಂಡರು.

ವಯಸ್ಸಾದ ಮೇಲೆ ಆಕೆಗೆ ಮರೆವು ಬಂತು. ಔಷಧಿಗೆ ಅನುಕೂಲವೆಂದು ಮಾನ್ವಿಯ ನಮ್ಮ ಮನೆಗೆ ಕರೆತಂದಿದ್ದೆವು. ಕಡೆಯ ದಿನಗಳಲ್ಲಿ ನನ್ನೊಬ್ಬಳ ಗುರುತು ಮಾತ್ರ ಇತ್ತು. ಒಂದು ಬೆಳಿಗ್ಗೆ ನನ್ನ ಗಂಡ ಗಂಜಿಯ ಬಟ್ಟಲು ಹಿಡಿದು ಹತ್ತಿರ ಕೂತಾಗ ಆಕೆ ಬಾಯಿ ಬಿಗಿದುಕೊಂಡಳು. ನನ್ನನ್ನು ಕಣ್ಣಿನಿಂದಲೇ ಹತ್ತಿರ ಕರೆದು, ಅವರಿಗೆ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದಳು:

"ಇಂವ ಯಾರು? ನೀ ಬರೋಬ್ಬರಿ ನೋಡಿಕೊಂಡೀಯೇನು?"

"ನೋಡೀನಿ ಅತ್ತಿ" ಎಂದೆ. "ಇಪ್ಪತ್ತು ವರ್ಷ ನೋಡೀನಿ. ಚಲೋ ಮನುಷ್ಯ."

ಆಕೆ ಅವರ ಮುಖವನ್ನು ಇನ್ನೊಂದಿಷ್ಟು ಹೊತ್ತು ನೋಡಿದಳು. ಆಮೇಲೆ ಬಾಯಿ ತೆರೆದಳು. ಅರ್ಧ ಬಟ್ಟಲು ಗಂಜಿ ಅವರ ಕೈಯಿಂದಲೇ ಕುಡಿದಳು. ಮರುದಿನ ಮಧ್ಯಾಹ್ನ ಹೋದಳು.